ಬಲಗಣ್ಣಿನ ವಿಷಯ

ಸೆಡೇಲಿಯಾ, ಮಿಸೌರಿ
ಸೋಮವಾರ, ಸೆಪ್ಟೆಂಬರ್ 16, 1957

ನನ್ನ ಪ್ರೀತಿಯ ಎಮೆಟ್,

ಈ ಪತ್ರ ಬುಧವಾರದೊಳಗೆ ನಿನ್ನ ಕೈ ಸೇರಲೇಬೇಕು. ಬರೆಯುವುದಕ್ಕೂ ಮೊದಲೇ ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿ ಎರಡೆರಡು ಸಲ ಕೇಳಿಕೊಂಡು ಬಂದೆ. "ಸೇರುತ್ತೆ ಮಿಸೆಸ್ ಕಾಲ್ಡರ್, ಟಲ್ಸಾ ಏನು ಚಂದ್ರನ ಮೇಲಿದೆಯಾ?" ಎಂದು ಗುಮಾಸ್ತ ನಕ್ಕ. ಅವನಿಗೇನು, ನಗುತ್ತಾನೆ. ಮೇವಿಸ್ ಶಾಲೆಗೆ ಹೋಗಿದ್ದಾಳೆ, ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಆದರೆ ಶನಿವಾರದಿಂದ ಒಂದು ತುತ್ತೂ ಗಂಟಲಲ್ಲಿ ಇಳಿಯುತ್ತಿಲ್ಲ. ಓದಿ ಮುಗಿದ ಕೂಡಲೇ ಇದನ್ನು ಸುಟ್ಟುಬಿಡು. ನಿಮ್ಮ ಕುಸ್ತಿ ದಂಧೆಯ ಗುಟ್ಟನ್ನು ಕಾಗದದ ಮೇಲೆ ಇಳಿಸುತ್ತಿದ್ದೇನೆ, ಹನ್ನೆರಡು ವರ್ಷದ ಸಂಸಾರದಲ್ಲಿ ಇದೇ ಮೊದಲು.

ಶನಿವಾರ ನೀನು ಫೋನು ಮಾಡಿದಾಗ ನಾನು ಗರಬಡಿದವಳ ಹಾಗೆ ಹೂಂ ಹೂಂ ಎನ್ನುತ್ತಿದ್ದೆ. ನಿನಗೆ ಬೇಸರವಾಗಿರಬೇಕು. ಏನು ಮಾಡಲಿ? ನಮ್ಮ ಫೋನಿನ ಲೈನಿಗೆ ನಾಲ್ಕು ಮನೆ ಸೇರಿವೆ, ಯಾರು ಎತ್ತಿದರೂ ಉಳಿದವರ ಮಾತು ಕೇಳಿಸುತ್ತದೆ. ಮಿಸೆಸ್ ಪ್ರೂಯಿಟ್ ಉಸಿರು ಬಿಡುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. "ಲಿಯೋಟಾ, ಆಯ್ತು ಕಣೇ! ಬೆಲ್ಟ್ ನಂದೇ!" ಎಂದು ನೀನು ಅರ್ಧ ಹೇಳುವಷ್ಟರಲ್ಲಿ "ಏನು, ಪ್ಯಾಂಟಿನ ಬೆಲ್ಟ್ ಸಿಕ್ತಾ?" ಎಂದು ನಾನು ಮಾತು ಮರೆಸಬೇಕಾಯಿತು. ಶುಕ್ರವಾರ ನಡೆಯಬೇಕಾದ ಚಾಂಪಿಯನ್ ಪಂದ್ಯದ ಫಲಿತಾಂಶ ಆರು ದಿನ ಮೊದಲೇ ಮಿಸೆಸ್ ಪ್ರೂಯಿಟ್‌ಗೆ ಗೊತ್ತಾದರೆ ಹೇಗೆ? ನೀನು ಮಾತ್ರ ಕೇಳುತ್ತಲೇ ಇದ್ದೆ: "ಡನ್ಮೋರ್‌ಗೆ ಅದೇನು ಮೋಡಿ ಮಾಡಿದ್ಯೇ? ಮುಂದಿನ ಚಾಂಪಿಯನ್ ಯಾರು ಅಂತ ಷಿಕಾಗೋ ಮೀಟಿಂಗಲ್ಲಿ ಪ್ರಮೋಟರ್‌ಗಳ ಮತ ಐದು ಐದು ಬಿದ್ದು ಸಮ ಆಯ್ತಂತೆ. ಆಮೇಲೆ ಆಸಾಮಿ ಎದ್ದು ನಿಂತು, ಎಮೆಟ್ ಹೆಂಡ್ತಿನ ನೋಡಿ ಬಂದಿದೀನಿ, ನನ್ನ ಮತ ಅವನಿಗೇ ಅಂದ್ನಂತೆ!"

ಏನು ಮೋಡಿ ಮಾಡಿದೆ ಎಂದು ಹೇಳುವುದಕ್ಕೇ ಈ ಪತ್ರ. ಓದುವಾಗ ದಯವಿಟ್ಟು ಕೂತುಕೋ.

ಡನ್ಮೋರ್ ಅವರು ಎಂಟನೇ ತಾರೀಕು ಭಾನುವಾರ ಚರ್ಚ್ ಮುಗಿಸಿಕೊಂಡು ನೇರ ನಮ್ಮ ಮನೆಗೆ ಬಂದರು. ಹೆಂಡತಿಯನ್ನೂ ಮನೆಯನ್ನೂ ನೋಡದೆ ಆ ಮನುಷ್ಯ ಯಾರಿಗೂ ಮತ ಹಾಕುವುದಿಲ್ಲ ಎಂದು ನೀನೇ ಹೇಳಿದ್ದೆಯಲ್ಲ. ಊಟ ಚೆನ್ನಾಗಿಯೇ ಆಯಿತು. ಕೋಳಿ ಕರಿದಿದ್ದೆ, ಪೀಚ್ ಹಣ್ಣಿನ ಪೈ ಮಾಡಿದ್ದೆ, ಎರಡು ತುಂಡು ತಿಂದರು. ಗೋಡೆಯ ಮೇಲಿನ ನಿನ್ನ ಫೋಟೋ ನೋಡಿದರು, ಮೇವಿಸ್‌ಳನ್ನು ಮಾತಾಡಿಸಿದರು. ನೀನು ಕುಡಿಯುತ್ತೀಯಾ ಎಂದು ಬಳಸಿ ಬಳಸಿ ಕೇಳಿದರು. ಆಮೇಲೆ ಮೇವಿಸ್ ಅಂಗಳಕ್ಕೆ ಹೋದ ಮೇಲೆ ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ಮುಖ್ಯ ವಿಷಯಕ್ಕೆ ಬಂದರು.

"ನೋಡಿ ಮಿಸೆಸ್ ಕಾಲ್ಡರ್, ಚಾಂಪಿಯನ್ ಅಂದ್ರೆ ಪಂದ್ಯ ನಡೆಸೋ ನಮ್ಮಂಥ ಹನ್ನೊಂದು ಜನ ಪ್ರಮೋಟರ್‌ಗಳ ಸ್ವತ್ತು. ಇವತ್ತು ಟೆಕ್ಸಾಸ್, ನಾಳೆ ಒಹಾಯೋ, ನಾಡಿದ್ದು ಇನ್ನೆಲ್ಲೋ. ವರ್ಷಕ್ಕೆ ಮುನ್ನೂರು ದಿನ ಮನೇಲಿ ಇರಲ್ಲ. ತಡ್ಕೋತೀರಾ?"

ತಡೆದುಕೊಳ್ಳುತ್ತೇನೆ ಎಂದೆ. ನೀನು ಹೇಳಿಕೊಟ್ಟಿದ್ದ ಹಾಗೇ ಹೇಳಿದೆ.

"ಇನ್ನೊಂದು ಮಾತು. ಬೆಲ್ಟ್ ಹೊತ್ತೋನು ನಿಜವಾದ ಕುಸ್ತಿ ಬಲ್ಲೋನಾಗಿರಬೇಕು. ನಮ್ಮಲ್ಲಿ ಎಲ್ರೂ ಒಳ್ಳೇರಲ್ಲ. ಯಾವನೋ ಒಬ್ಬ ಪ್ರಮೋಟರ್ ತನ್ನೂರಿನ ಪೈಲ್ವಾನನ ಕಿವಿ ಊದಿ, ಯಾರು ಗೆಲ್ಬೇಕು ಅನ್ನೋ ಮಾತುಕತೆ ಎಲ್ಲ ಗಾಳಿಗೆ ತೂರಿ, ರಿಂಗ್ ಒಳಗೆ ನಿಜವಾಗ್ಲೂ ಬೆಲ್ಟ್ ಕಿತ್ಕೊಳಕ್ಕೆ ನೋಡಬಹುದು. ಹೋದ ವರ್ಷ ಈಗಿನ ಚಾಂಪಿಯನ್ ಹೋರಾಕ್‌ಗೆ ಹಂಗೇ ಮಾಡಕ್ಕೆ ಹೋದ್ರು. ಅವನು ಆ ಹುಂಬನ ಭುಜ ಮುರಿದು ಮನೆಗೆ ಕಳಿಸಿದ. ನಿಮ್ಮ ಯಜಮಾನ್ರಿಗೂ ಆ ತಾಕತ್ತಿದೆ, ಅದಕ್ಕೇ ಅವರ ಹೆಸರು ಎದ್ದಿರೋದು."

ನಾನು ಕೈಯಲ್ಲಿದ್ದ ಪೈ ತಟ್ಟೆಯನ್ನು ಕೆಳಗಿಟ್ಟೆ. ಆ ಮನುಷ್ಯ ಮೂರನೇ ತುಂಡು ಪೈಗೆ ಕೈ ಚಾಚುತ್ತಾ, "ಹೋದ ಮಾರ್ಚಲ್ಲಿ ಆ ಕೌಂಟ್ ಒರ್ಸೀನಿ ಕಣ್ಣಿಗೆ ಪುಡಿ ಎರಚಿ, ನಿಮ್ಮ ಯಜಮಾನ್ರು ಕಣ್ಣಿಗೆ ಪಟ್ಟಿ ಕಟ್ಕೊಂಡ್ರಲ್ಲ, ಆ ಆಟ ಅಂತೂ ಭಲೇ ಇತ್ತು ಬಿಡಿ. ಪಟ್ಟಿ ಬಿಚ್ಚಿದ ಮೇಲೂ ಎಡವೋದು, ತಡವರಿಸೋದು, ಎಂಥಾ ನಟನೆ!" ಎಂದರು.

ಎಮೆಟ್, ನಾನು ಹೇಳಿಬಿಟ್ಟೆ.

"ಅದು ನಟನೆ ಅಲ್ಲ ಸರ್. ಅವನಿಗೆ ಬಲಗಣ್ಣು ಕಾಣೋದೇ ಇಲ್ಲ. ಎರಡು ವರ್ಷದ ಹಿಂದೆ ಯಾರದೋ ಮೊಣಕೈ ಬಡಿದು ಒಳಗೆ ಪೊರೆ ಹರಿದಿದೆ. ಅದನ್ನ ಮುಚ್ಚಿಡಕ್ಕೇ ಅವನು ಆ ಪಟ್ಟಿ ಆಟ ಕಟ್ಟಿದ್ದು" ಎಂದೆ. ಇದೇ ಮಾತುಗಳಲ್ಲಿ ಹೇಳಿದೆ. ಕೌಂಟ್ ಒರ್ಸೀನಿ ವೇಷ ಹಾಕಿದ ನಿನ್ನ ಎದುರಾಳಿ ಡೆಲ್ಬರ್ಟ್ ರಿಂಗಿನಲ್ಲಿ ಎರಚಿದ್ದು ಬರೀ ಮುಖದ ಪೌಡರ್ ಎಂದೂ ಹೇಳಿದೆ. ಎಡವಿದರೆ ಜನ ಆಟ ಅಂದುಕೊಳ್ಳಲಿ ಎಂದು ನೀನು ಹೂಡಿದ ಉಪಾಯವನ್ನೆಲ್ಲ ಅವರ ಮುಂದೆ ಸುರಿದುಬಿಟ್ಟೆ.

ಅವರು ಫೋರ್ಕ್ ಕೆಳಗಿಟ್ಟರು. ನನ್ನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ನಗಲು ಶುರುಮಾಡಿದರು ನೋಡು, ಟೇಬಲ್ ಅಲುಗಾಡುವ ಹಾಗೆ ನಕ್ಕರು.

"ಅಬ್ಬಬ್ಬಾ! ಮೂವತ್ತು ವರ್ಷದಿಂದ ಈ ದಂಧೇಲಿದೀನಿ ತಾಯಿ, ನನಗೇ ಟೋಪಿ ಹಾಕ್ತೀರಾ? ಮನೆ ಒಳಗೆ, ಪ್ರಮೋಟರ್ ಮುಂದೇನೇ ಆಟ ಬಿಡಲ್ಲ ಅಂದ್ರೆ!"

ನಾನು ಅತ್ತೆ. ನಿಜವಾಗಿಯೂ ಬಿಕ್ಕಿ ಬಿಕ್ಕಿ ಅತ್ತೆ. "ಕಣ್ಣೀರು ಬೇರೆ!" ಎಂದು ಚಪ್ಪಾಳೆ ತಟ್ಟಿದರು. ಬೈಬಲ್ ತಂದು ಅದರ ಮೇಲೆ ಕೈಯಿಡಲು ಹೋದರೆ, "ಸಾಕು ಸಾಕು, ಅಲ್ಲೀತನಕ ಹೋಗ್ಬೇಡಿ, ದೇವರು ಮೆಚ್ಚಲ್ಲ" ಎಂದು ಕೈ ಹಿಡಿದು ತಡೆದರು. ಡಾಕ್ಟರರ ಚೀಟಿ ತೋರಿಸಲೇ ಎಂದೆ. "ಯಾವ್ದು, ಮಾರ್ಚ್ ತಿಂಗಳ ಪೋಸ್ಟರ್ ಮೇಲೆ ಅಚ್ಚಾಗಿತ್ತಲ್ಲ, ಅದಾ?" ಎಂದು ಮತ್ತೆ ನಕ್ಕರು. ನಿಮ್ಮ ಸುಳ್ಳು ಚೀಟಿಗಳ ದೆಸೆಯಿಂದ ನಿಜವಾದ ಚೀಟಿಗೆ ಕಾಸಿನ ಬೆಲೆ ಇಲ್ಲ.

ತಪ್ಪು ಅವರದಲ್ಲ ಬಿಡು. ಮಾರ್ಚಿನಲ್ಲಿ ಮೊದಲ ಸಾಲಿನಲ್ಲಿ ಕೂತು, ಪೌಡರ್ ಎರಚಿದ ಕೂಡಲೇ ಕಿಟಾರನೆ ಕಿರುಚಿ ಮೂರ್ಛೆ ಬಿದ್ದವಳು ಯಾರು? ನಾನೇ. "ಒಂದೇ ಸಲ ಲಿಯೋಟಾ, ಜನ ಕಿಕ್ಕಿರಿದು ಬರ್ತಾರೆ" ಎಂದು ನೀನು ಗೋಗರೆದೆ, ನಾನು ಹೋದೆ. ಸಾಲದ್ದಕ್ಕೆ ಪತ್ರಿಕೆಯಲ್ಲಿ ಫೋಟೋ ಬಂದಾಗ ಕತ್ತರಿಸಿ ಇಟ್ಟುಕೊಂಡೆ. ಡನ್ಮೋರ್ ಅವರ ಆಫೀಸಿನಲ್ಲೂ ಅದೇ ಫೋಟೋ ಇದೆಯಂತೆ. ಅಂಥವಳು ಪೈ ಬಡಿಸುತ್ತಾ ಅತ್ತರೆ ಯಾರು ತಾನೇ ನಂಬುತ್ತಾರೆ? ಹೊರಡುವಾಗ ಟೋಪಿ ತೆಗೆದು, ನನ್ನ ಕೈಗೆ ಮುತ್ತಿಟ್ಟು, "ಚಾಂಪಿಯನ್ ಹೆಂಡ್ತಿ ಅಂದ್ರೆ ಹೀಗಿರಬೇಕು" ಎಂದು ಹೇಳಿ ಹೋದರು.

ಹೀಗೆ ನಿನಗೆ ಬೆಲ್ಟ್ ಬಂತು. ನಿನಗೆ ಅದು ಸಿಗದಿರಲಿ ಎಂದು ನಾನು ಆಡಿದ ಮಾತೇ ನಿನಗೆ ಅದನ್ನು ಕೊಡಿಸಿತು. ಬೈಯುವುದಿದ್ದರೆ ಬೈದುಬಿಡು.

ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ, ಆಮೇಲೆ ಒಟ್ಟಿಗೇ ಬೈಯಬಹುದು. ನಿನ್ನ ಕಣ್ಣಿನ ಚಿಂತೆಯೊಂದರಿಂದಲೇ ನಾನು ಬಾಯಿ ಬಿಟ್ಟೆನೋ, ಮುನ್ನೂರು ದಿನ ನೀನು ಮನೆಯಲ್ಲಿರುವುದಿಲ್ಲ ಎಂದು ಕೇಳಿದ್ದರಿಂದಲೂ ಬಿಟ್ಟೆನೋ, ನನಗೇ ಗೊತ್ತಿಲ್ಲ. ಮದುವೆಯಾದ ಮೊದಲ ಆರು ವರ್ಷ ನೀನು ಸೋತು ಬಂದಾಗಲೆಲ್ಲ ನಾನು ದಿಂಬು ಒದ್ದೆ ಮಾಡಿಕೊಂಡೆ. ಗೆಲುವು ಸೋಲು ಮೊದಲೇ ತೀರ್ಮಾನವಾಗಿರುತ್ತದೆ ಎಂದು ಕಟ್ಟಿಕೊಂಡ ಹೆಂಡತಿಗೂ ಹೇಳಬಾರದು ಎಂಬ ನಿಮ್ಮ ಹಾಳು ನಿಯಮ. ಕಣ್ಣಿನದ್ದೂ ನೀನಾಗಿ ಹೇಳಲಿಲ್ಲ. ಪಾಕವನ್ನು ತಟ್ಟೆ ಬಿಟ್ಟು ಮೇಜಿನ ಬಟ್ಟೆಯ ಮೇಲೆ ಸುರಿದೆಯಲ್ಲ, ಆ ದಿನ ನಾನೇ ಕಂಡುಕೊಂಡೆ. ಮೇವಿಸ್‌ಗೆ ನಾವು ಏನೂ ಹೇಳಿಲ್ಲ. ಆದರೂ ಆ ಮಗು ಈಗ ನಿನ್ನ ಎಡಗೈಯನ್ನೇ ಹಿಡಿದು ನಡೆಯುತ್ತದೆ, ಗಮನಿಸಿದ್ದೀಯಾ?

ಮಗುವಿಗೆ ಗೊತ್ತಾಗಿದ್ದು ಪೈಲ್ವಾನರಿಗೆ ಎಷ್ಟು ದಿನ ಗೊತ್ತಾಗದೆ ಇರುತ್ತದೆ? ಒಂದು ತಿಂಗಳು? ಬೆಲ್ಟ್ ಮೇಲೆ ಕಣ್ಣಿಟ್ಟ ಯಾವನೋ ಒಬ್ಬ ನಿನ್ನ ಬಲಗಡೆಯಿಂದ ನುಗ್ಗಿ ಕಾಲು ತಿರುಚುತ್ತಾನೆ, ಇಲ್ಲವೇ ಕುತ್ತಿಗೆ ಹಿಡಿಯುತ್ತಾನೆ. ನನಗೆ ಕುತ್ತಿಗೆಯದೇ ಭಯ. ನೀನು ಮುನ್ನೂರು ದಿನ ಊರೂರು ತಿರುಗಿದರೆ ನಾನು ಮುನ್ನೂರು ದಿನವೂ ಫೋನು ಹೊಡೆದುಕೊಂಡಾಗಲೆಲ್ಲ ಸಾಯಬೇಕು. ನನ್ನಿಂದ ಆಗುವುದಿಲ್ಲ ಎಮೆಟ್. ತಡೆದುಕೊಳ್ಳುತ್ತೇನೆ ಎಂದು ಡನ್ಮೋರ್‌ಗೆ ಹೇಳಿದ್ದು ಸುಳ್ಳು. ಅಂದು ನಾನು ಆಡಿದ ಸುಳ್ಳು ಅದೊಂದೇ, ಅದನ್ನು ಮಾತ್ರ ಅವರು ನಂಬಿದರು.

ನೀನೇ ಅವರಿಗೆ ಹೇಳು ಎಂದರೆ ನೀನು ಹೇಳುವುದಿಲ್ಲ. ಹೇಳಿದರೂ ಹೆಂಡತಿ ಬಿಟ್ಟ ಜಾಗದಿಂದ ಗಂಡ ಆಟ ಮುಂದುವರಿಸಿದ್ದಾನೆ ಎಂದು ಇನ್ನಷ್ಟು ನಗುತ್ತಾರೆ. ಎರಡು ದಿನ ಒಲೆಯ ಮುಂದೆ ನಿಂತು ಯೋಚಿಸಿದೆ, ಬೀನ್ಸ್ ಎರಡು ಸಲ ಸೀದುಹೋಯಿತು. ಕೊನೆಗೆ ನೀನೇ ಒಂದು ಸಲ ಹೇಳಿದ್ದು ನೆನಪಾಯಿತು. ರಿಂಗಿನಲ್ಲಿ ಒಬ್ಬನು ಇನ್ನೊಬ್ಬನ ತಲೆಯನ್ನು ಕಂಕುಳಲ್ಲಿ ಅಮುಕಿಕೊಂಡಾಗ ಬಾಯಿಯೂ ಕಿವಿಯೂ ಹತ್ತಿರ ಬರುತ್ತವೆ, ಮುಂದಿನ ಪಟ್ಟು ಯಾವುದೆಂದು ಆಗ ಪಿಸುಗುಟ್ಟಿಕೊಳ್ಳುತ್ತೇವೆ, ಅಲ್ಲಿ ಸುಳ್ಳು ಹೇಳಿದರೆ ಮೂಳೆ ಮುರಿಯುತ್ತದೆ, ಅದಕ್ಕೇ ಯಾರೂ ಹೇಳುವುದಿಲ್ಲ ಎಂದಿದ್ದೆ. ನಿಮ್ಮ ಇಡೀ ದಂಧೆಯಲ್ಲಿ ನಿಜ ಮಾತಾಡುವ ಜಾಗ ಅದೊಂದೇ.

ಶುಕ್ರವಾರ ಕಾನ್ಸಾಸ್ ಸಿಟಿಯಲ್ಲಿ ಅಂಟನ್ ಹೋರಾಕ್ ನಿನ್ನ ತಲೆ ಹಿಡಿಯುತ್ತಾನಲ್ಲ, ಆಗ ಅವನ ಕಿವಿಯಲ್ಲಿ ಹೇಳು. ಬಲಗಣ್ಣು ಕಾಣುವುದಿಲ್ಲ, ಬೆಲ್ಟ್ ಬಿಟ್ಟುಕೊಡಬೇಡ ಎಂದು ಹೇಳು, ಅಷ್ಟೇ ಸಾಕು. ಒಂದು ಗಂಟೆ ಎಳೆದು ಪಂದ್ಯ ಸಮ ಮಾಡಿದರೆ ಬೆಲ್ಟ್ ಇದ್ದವನ ಹತ್ತಿರವೇ ಉಳಿಯುತ್ತದೆ, ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಪ್ರಮೋಟರ್‌ಗಳು ಕೆಂಡ ಕಾರಲಿ. ಕಾರಣವನ್ನು ಹೋರಾಕ್ ಹೇಳುತ್ತಾನೆ, ಅವನ ಮಾತನ್ನು ನಂಬಲೇಬೇಕು. ಮೂರು ವರ್ಷ ಬೆಲ್ಟ್ ಹೊತ್ತು ಸುಸ್ತಾಗಿ, ನೆಬ್ರಾಸ್ಕಾದ ಮನೆಗೆ ಹೋಗಲು ದಿನ ಎಣಿಸುತ್ತಿರುವವನು, ಸುಮ್ಮಸುಮ್ಮನೆ ಅದನ್ನು ಉಳಿಸಿಕೊಳ್ಳುತ್ತಾನೆಯೇ? ಅವನ ಹೆಂಡತಿ ನನಗೆ ಹಿಡಿಶಾಪ ಹಾಕುತ್ತಾಳೆ. ಹಾಕಲಿ, ಪಾಪ, ಅವಳ ಜಾಗದಲ್ಲಿದ್ದರೆ ನಾನೂ ಹಾಕುತ್ತಿದ್ದೆ.

ಹದಿನಾಲ್ಕು ವರ್ಷ ನೀನು ಇದೊಂದಕ್ಕಾಗಿ ಮೈ ಮುರಿದುಕೊಂಡೆ ಎಂದು ನನಗೆ ಗೊತ್ತಿಲ್ಲವೇ? ಶನಿವಾರ ನಿನ್ನ ದನಿ ಕೇಳಿದಾಗ, ಮೇವಿಸ್ ಹುಟ್ಟಿದ ದಿನ ಬಿಟ್ಟರೆ ಅಷ್ಟು ಸಂತೋಷದ ದನಿಯನ್ನು ನಾನು ಕೇಳಿರಲಿಲ್ಲ. ಅದನ್ನು ನಾನೇ ಹಾಳು ಮಾಡುತ್ತಿದ್ದೇನೆ. ನೀನು ನನ್ನನ್ನು ಕ್ಷಮಿಸದಿದ್ದರೂ ಸರಿ, ಮನೆಯ ಮೆಟ್ಟಿಲು ಹತ್ತಿ ಬಂದು, ನನ್ನ ಮುಖ ನೋಡಿಕೊಂಡು ಕ್ಷಮಿಸುವುದಿಲ್ಲ ಎಂದು ಹೇಳು. ಫೋನು ಮಾಡಬೇಡ, ಮಿಸೆಸ್ ಪ್ರೂಯಿಟ್ ಇದ್ದಾಳೆ. ಒಪ್ಪಿದ್ದರೆ "ಸರಿ" ಎಂದು ಒಂದು ತಂತಿ ಕಳಿಸು.

ನಿನ್ನ ದಾರಿಯನ್ನೇ ಕಾಯುತ್ತಿರುವ,
ಲಿಯೋಟಾ

ತಾ.ಕ.: ಅಕ್ಷರ ಇಷ್ಟು ದಪ್ಪಗಿರುವುದು ಕೋಪದಿಂದ ಅಲ್ಲ. ಹೋದ ವಾರದ ನಿನ್ನ ಪತ್ರದಲ್ಲಿ ಮೂರು ಸಾಲು ಒಂದರ ಮೇಲೊಂದು ಕೂತಿದ್ದವು. ಹೋಟೆಲಿನಲ್ಲಿ ದೀಪ ಮಂಕಾಗಿತ್ತು ಎಂದು ಬರೆದಿದ್ದೆ, ಆದರೆ ಪತ್ರದ ಮೇಲೆ ನೀನೇ ಹಾಕಿದ ಸಮಯ ಮಧ್ಯಾಹ್ನ ಎರಡು ಗಂಟೆ. ಟಲ್ಸಾದಲ್ಲೇ ಕಾರು ಬಿಟ್ಟು ಬಸ್ಸಿನಲ್ಲಿ ಬಾ. ಎಡಗಣ್ಣಿನ ವಿಷಯವನ್ನು ನನಗೆ ಯಾವಾಗ ಹೇಳಬೇಕೆಂದುಕೊಂಡಿದ್ದೆ, ಎಮೆಟ್?