ಹೊಲಿಸ್ಕೊ

ಹಳ್ಳಿಮೈಸೂರು
ಶನಿವಾರ, 6 ಸೆಪ್ಟೆಂಬರ್ 2025

ನನ್ನ ಮುದ್ದು ಸೊಸೆ ಸಿಂಧುವಿಗೆ ನಿನ್ನ ಅತ್ತೆ ಲಕ್ಷ್ಮಿದೇವಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀನು ಚೆನ್ನಾಗಿಲ್ಲ ಅಂತ ಗೊತ್ತಿರುವುದರಿಂದ ಅಲ್ಲಿ ನೀನೂ ಕ್ಷೇಮವೆಂದು ನಂಬಿದ್ದೇನೆ ಅಂತೆಲ್ಲ ಬರೆಯುವುದಿಲ್ಲ. ಫೋನ್ ಇರುವಾಗ ಅತ್ತೆ ಯಾಕೆ ಕಾಗದ ಬರೆದರು ಅಂತ ನಗಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನೀನು ಅತ್ತರೆ ನಾನೂ ಅಳುತ್ತೇನೆ, ಅಷ್ಟರಲ್ಲಿ ನಿಮ್ಮ ಮಾವ ಬಂದು "ಏನಾಯ್ತ್ರೇ, ಯಾಕ್ರೇ" ಅಂತ ತಲೆ ತಿನ್ನುತ್ತಾರೆ. ಹೇಳಬೇಕಾದ ಮಾತು ಹಾಗೇ ಉಳಿಯುತ್ತದೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ನನ್ನ ತಮ್ಮ ದೇವರಾಜ್ ಸೋಮವಾರ ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಬರುತ್ತಾನಂತೆ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಜೊತೆಗೆ ಒಂದು ಡಬ್ಬಿ ಕೋಡುಬಳೆ, ಹುರುಳಿಕಾಳಿನ ಚಟ್ನಿಪುಡಿ ಇದೆ. ನೀನು ತಿನ್ನು, ಮೊದಲ ದಿನವೇ ಹಾಸ್ಟೆಲಿಗೆಲ್ಲ ಹಂಚಿ ಕೂರಬೇಡ.

ವಿಷಯಕ್ಕೆ ಬರುತ್ತೇನೆ. ಬರುವ ಗುರುವಾರ ನೀನು ಪ್ರಾಜೆಕ್ಟ್ ಒಪ್ಪಿಸಬೇಕು. ಒಪ್ಪಿಸುವುದಿಲ್ಲ, ಓದು ಬಿಟ್ಟು ಊರಿಗೆ ಬಂದುಬಿಡುತ್ತೇನೆ ಅಂತ ಮೊನ್ನೆ ಹೇಳಿದೆ. ಬಾ, ಇದು ನಿನ್ನ ಮನೆ. ಆದರೆ ಗುರುವಾರ ಕಳೆದ ಮೇಲೆ ಬಾ. ಅದಕ್ಕೆ ಮುಂಚೆ ಬಂದರೆ ಬಾಗಿಲು ತೆಗೆಯುವುದಿಲ್ಲ ಅಂತ ಬರೆಯಬೇಕು ಅನ್ನಿಸಿತು. ತೆಗೆದೇ ತೆಗೆಯುತ್ತೇನೆ ಅಂತ ನಿನಗೂ ಗೊತ್ತಲ್ಲ, ಅದಕ್ಕೇ ಹೆದರಿಸುವುದನ್ನು ಬಿಟ್ಟಿದ್ದೇನೆ. ನೀನು ಹೋದ ಮೇಲೆ ಇಲ್ಲಿ ಏನೇನಾಯಿತು ಅಂತ ಬರೆಯುತ್ತೇನೆ, ಪೂರ್ತಿ ಓದು, ಆಮೇಲೆ ತೀರ್ಮಾನ ಮಾಡು.

ನಿನ್ನ ಓದಿನ ಹೆಸರು ನನ್ನ ಬಾಯಲ್ಲಿ ಇವತ್ತಿಗೂ ಸರಿಯಾಗಿ ಹೊರಳುವುದಿಲ್ಲ. ಫ್ಯಾಷನ್ ಬ್ರ್ಯಾಂಡ್ ಮ್ಯಾನೇಜ್‌ಮೆಂಟ್. ಬರೆಯುವಾಗ ಪರವಾಗಿಲ್ಲ, ಹೇಳುವಾಗ ಮೂರರಲ್ಲಿ ಒಂದು ಬಿಟ್ಟೇ ಹೋಗುತ್ತದೆ. ಯಾರಾದರೂ ಕೇಳಿದರೆ ಬಟ್ಟೆಗೆ ಹೆಸರು ತಂದುಕೊಡುವ ಓದು ಅನ್ನುತ್ತೇನೆ. ನಿಮ್ಮ ಮಾವ ಹಾಲಿನ ಡೈರಿಯಲ್ಲಿ ಎಂ.ಬಿ.ಎ. ಅಂತಷ್ಟೇ ಹೇಳಿ ಮೀಸೆ ಮೇಲೆ ಕೈಯಾಡಿಸುತ್ತಾರೆ. ನಮ್ಮ ಕಾಂತು ಬೈಕಿನಲ್ಲಿ ಹಾಸನಕ್ಕೆ ಹೋದವನು ಹಾಗೇ ಹೋಗಿಬಿಟ್ಟ ಮೇಲೆ, ಹೊಳೆನರಸೀಪುರದ ನಿಮ್ಮಿಬ್ಬರ ಬಟ್ಟೆ ಅಂಗಡಿಯಲ್ಲಿ ನೀನು ಒಬ್ಬಳೇ ಕೂತಿರುತ್ತಿದ್ದೆಯಲ್ಲ, ಆ ಮುಖ ನನಗೆ ಮರೆಯುವುದಿಲ್ಲ. ಅಂಗಡಿ ಖಾಲಿ ಮಾಡಿ ಮತ್ತೆ ಓದುತ್ತೇನೆ ಅಂದಾಗ, ಗಂಡ ಸತ್ತವಳಿಗೆ ಫ್ಯಾಷನ್ ಬೇರೆ ಕೇಡು ಅಂದವರು ನಮ್ಮ ನೆಂಟರಲ್ಲೇ ಇದ್ದರು. ಆಗ ನೀನು ಅವರ ಮಾತು ಕೇಳಲಿಲ್ಲ, ಈಗ ಯಾರೂ ಏನೂ ಅನ್ನದೆಯೇ ಎದ್ದು ಬರುತ್ತೇನೆ ಅನ್ನುತ್ತೀಯ. ಇದು ಯಾವ ನ್ಯಾಯ ಹೇಳು.

ನಿನ್ನ ಪ್ರಾಜೆಕ್ಟಿನ ಮೇಲೆ ನನಗೂ ಸ್ವಲ್ಪ ಹಕ್ಕಿದೆ, ಮರೆತೆಯಾ? ಹೋದ ವರ್ಷ ರಜಕ್ಕೆ ಬಂದಾಗ ನನ್ನ ಟ್ರಂಕು ತೆಗೆದು, ಅರಿಶಿನ ಕುಂಕುಮದ ಜೊತೆ ಬಂದ ರವಿಕೆ ಕಣಗಳನ್ನೆಲ್ಲ ಹರವಿ, "ಅತ್ತೆ, ಇವನ್ನ ಯಾವಾಗ ಹೊಲಿಸ್ಕೋತೀರಿ?" ಅಂತ ಕೇಳಿದೆ. ನನಗೆ ನಗು ತಡೆಯಲಾಗಲಿಲ್ಲ. ಅವನ್ನು ಯಾರಾದರೂ ಹೊಲಿಸುತ್ತಾರೇನೇ ಹುಚ್ಚಿ! ಎಲ್ಲ ಪಾಲಿಯೆಸ್ಟರ್, ತೋಳಿಗೆ ಸಾಕಾದರೆ ಬೆನ್ನಿಗೆ ಸಾಲದು. ಅವರು ನಮಗೆ ಕೊಡುತ್ತಾರೆ, ನಾವು ಇನ್ನೊಬ್ಬರಿಗೆ ಕೊಡುತ್ತೇವೆ, ಅವರು ಮತ್ತೊಬ್ಬರಿಗೆ. ನೀನು ಬಿಡಲಿಲ್ಲ. ಕೆಲವಕ್ಕೆ ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ ಹಾಕಿ, ಇವು ಎಲ್ಲೆಲ್ಲಿ ಹೋಗುತ್ತವೆ ನೋಡೋಣ ಅಂತ ನನ್ನ ಕೈಯಲ್ಲೇ ದಾನ ಮಾಡಿಸಿದೆ. ನಾನು ಮಲ್ಲಿಪಟ್ಟಣದಲ್ಲಿ ನಿಮ್ಮಮ್ಮನಿಗೆ ಕೊಟ್ಟ ಹಸಿರು ಕಣ, ಅರಕಲಗೂಡಿನ ಯಾವುದೋ ಮದುವೆ ಕಂಡು, ಹಾಸನ ಸುತ್ತಿ, ದೇವರಾಜನ ಮನೆ ಸತ್ಯನಾರಾಯಣ ಪೂಜೆಯಲ್ಲಿ ವಾಪಸು ನನ್ನ ಮಡಿಲಿಗೇ ಬಂತಲ್ಲ! ಕೆಂಪು ದಾರ ನೋಡಿ ನಾನು ಅಲ್ಲೇ ನಕ್ಕುಬಿಟ್ಟೆ. ಕೊಟ್ಟ ಅವನ ಹೆಂಡತಿ ರೂಪಶ್ರೀ ಪಾಪ ಬೆಪ್ಪಾದಳು.

ಅದಕ್ಕೇ ತಾನೇ ನೀನು "ಹೊಲಿಸ್ಕೊ" ಅಂತ ಬ್ರ್ಯಾಂಡ್ ಮಾಡಿದ್ದು. ಒಳ್ಳೆ ಹತ್ತಿ ಬಟ್ಟೆ, ಸಾಲುವಷ್ಟು ಅಳತೆ, ಜೊತೆಗೆ ಲೈನಿಂಗು, ದಾರ, ಹುಕ್ಕು. ಮೂಲೆಯಲ್ಲಿ ಒಂದು ಲೇಬಲ್, ಅದರಲ್ಲಿ ಕಂಪನಿ ಹೆಸರು ಚಿಕ್ಕದು, ತಗೊಳ್ಳುವವಳ ಹೆಸರು ಬರೆಯುವುದಕ್ಕೆ ಜಾಗ ದೊಡ್ಡದು. ಒಗೆದರೂ ಹೋಗದ ಮಸಿಯಲ್ಲಿ ಹೆಸರು ಬರೆದುಬಿಟ್ಟರೆ ಇನ್ನೊಬ್ಬರಿಗೆ ದಾಟಿಸುವಂತಿಲ್ಲ, ಹೊಲಿಸಿಕೊಳ್ಳಲೇಬೇಕು. ನಿಮ್ಮ ರಜನೀಶ್ ಮೇಷ್ಟ್ರು ಕೂಡ ಇದನ್ನು ಮೆಚ್ಚಿದರು ಅಂತ ನೀನು ಎಷ್ಟು ಖುಷಿಯಲ್ಲಿ ಹೇಳಿದ್ದೆ. ನಿನ್ನ ಗಿರಾಕಿ ಯಾರು ಅಂತ ಅವರು ಕೇಳಿದರೆ, ಕೊಡುವ ಮುತ್ತೈದೆ, ತಗೊಳ್ಳುವ ಮುತ್ತೈದೆ ಅಂತ ಬರೆದುಕೊಟ್ಟಿದ್ದೆಯಂತೆ.

ಆಮೇಲೆ ದೇವರಾಜನ ಹೊಸ ಮನೆಯ ಗೃಹಪ್ರವೇಶ ಬಂತು. ಆವತ್ತಿನದನ್ನು ನಾನೂ ನೋಡಿದೆ ಸಿಂಧು. ರೂಪಶ್ರೀ ಕುಂಕುಮದ ತಟ್ಟೆ ಹಿಡಿದು ಹೊರಡುತ್ತಿದ್ದ ಹಾಗೇ ನಿನ್ನ ದೊಡ್ಡತ್ತೆ ಎದ್ದು ಹಿತ್ತಲಿಗೆ ಹೋದರು. ನಿಮ್ಮ ಮಾವನ ಅಕ್ಕ, ಹರೆಯದಲ್ಲೇ ಗಂಡನನ್ನು ಕಳಕೊಂಡು ತವರಿಗೆ ಬಂದವರು, ಯಾವ ಮನೆಯ ಶುಭಕಾರ್ಯದಲ್ಲೂ ತಟ್ಟೆ ಹೊರಡುವ ಹೊತ್ತಿಗೆ ಹಿತ್ತಲಲ್ಲಿ ಅವರಿಗೆ ಏನೋ ಒಂದು ಕೆಲಸ ಇದ್ದೇ ಇರುತ್ತದೆ. ಅವರನ್ನು ನೋಡಿ ನೀನೂ ಎದ್ದು ಹಿಂದೆಯೇ ಹೋದೆ. ಯಾರೂ ಏಳು ಅನ್ನಲಿಲ್ಲ. ರೂಪಶ್ರೀ ನಿನಗೂ ಅಂತ ತಟ್ಟೆಯಲ್ಲಿ ಒಂದು ಕಣ ಇಟ್ಟುಕೊಂಡೇ ಬಂದಿದ್ದಳು, ಆಮೇಲೆ ನನ್ನ ಹತ್ತಿರ ಹೇಳಿ ಕಣ್ಣು ಒರೆಸಿಕೊಂಡಳು. ಮಾರನೆಯ ದಿನ ನೀನು ಮೊದಲ ಬಸ್ಸಿಗೇ ಹೊರಟೆ. ಆಮೇಲೆ ಫೋನಿನಲ್ಲಿ, "ಅತ್ತೆ, ನಾನು ಮಾಡಿರೋ ಬ್ರ್ಯಾಂಡಲ್ಲಿ ನಾನೇ ಇಲ್ಲ, ನನಗೇ ಕೊಡಬಾರದ್ದನ್ನ ನಾನು ನಿಂತ್ಕೊಂಡು ಹೇಗೆ ಮಾರ್ಲಿ" ಅಂದೆ. ಅವತ್ತು ನನಗೆ ಊಟ ಸೇರಲಿಲ್ಲ.

ಗೌರಿ ಹಬ್ಬದ ದಿನ ನಾನು ಒಂದು ಕೆಲಸ ಮಾಡಿದೆ. ಬೀರುವಿನಲ್ಲಿ ನೀನು ಇಟ್ಟುಹೋಗಿದ್ದ ಸ್ಯಾಂಪಲ್ ಪೊಟ್ಟಣಗಳಲ್ಲಿ ನೇರಳೆ ಬಣ್ಣದ್ದು ಒಂದನ್ನು ತೆಗೆದು, ಲೇಬಲ್ ಮೇಲೆ "ಅನಸೂಯಮ್ಮ" ಅಂತ ಬರೆದೆ. ಎಲೆ ಅಡಿಕೆ, ಬಾಳೆಹಣ್ಣಿನ ಜೊತೆ ತಟ್ಟೆಯಲ್ಲಿಟ್ಟು ಹಿತ್ತಲಿಗೇ ಹೋಗಿ ನಿನ್ನ ದೊಡ್ಡತ್ತೆಯ ಮುಂದೆ ಹಿಡಿದೆ. ಅವರು ಪಾತ್ರೆ ಉಜ್ಜುತ್ತಾ ಕೂತಿದ್ದವರು ತಲೆಯೆತ್ತಿ ತಟ್ಟೆ ನೋಡಿದರು. ಆಮೇಲೆ ಶುರುವಾಯಿತು ನೋಡು. "ಏನೇ ಲಕ್ಷ್ಮೀ, ಅಬ್ಬದ್ ದಿನ ಬುದ್ಧಿ ಗಿದ್ಧಿ ಕೆಟ್ಟೋಯ್ತಾ? ಓಗು, ಯಾರಾರ ಮುತ್ತೈದೇರ್ಗೆ ಕೊಡೋಗು" ಅಂತ ಬೈದರು. ನಾನು, "ಕೊಡಾಣ ಅಂದ್ರೆ ನಿಮ್ಮೆಸ್ರು ಬರ್ದಾಗೈತೆ ಅಕ್ಕ, ಬ್ಯಾರೆಯವ್ರಿಗೆ ಕೊಡಕ್ಕಾಗಾಕಿಲ್ಲ" ಅಂದೆ. ಅಳಿಸಿಹಾಕು ಅಂದರು. ಒಗೆದರೂ ಹೋಗದ ಮಸಿ, ನಿಮ್ಮ ಸೊಸೆ ಹಾಗೇ ಮಾಡಿದ್ದಾಳೆ ಅಂದೆ. "ಅತ್ತೆ ಸೊಸೆ ಇಬ್ರೂ ಸರ್ಯಾಗಿದೀರ ಕಣೇ" ಅಂತ ಮತ್ತೆ ಪಾತ್ರೆ ಉಜ್ಜತೊಡಗಿದರು. ತಟ್ಟೆಯನ್ನು ಕಲ್ಲಿನ ಮೇಲಿಟ್ಟು ನಾನು ಒಳಗೆ ಬಂದುಬಿಟ್ಟೆ. ಅಷ್ಟೊಂದು ಹೆದರಿಕೆ ನನಗೆ ಆಕೆ ಅಂದರೆ.

ಸಾಯಂಕಾಲ ನೋಡಿದರೆ ತಟ್ಟೆ ತೊಳೆದು ಬೋರಲು ಹಾಕಿತ್ತು, ಕಣ ಇರಲಿಲ್ಲ. ಹಸುವಿನ ಮುಂದೆ ಎಸೆದಿರಬೇಕು ಅಂದುಕೊಂಡು ಕೊಟ್ಟಿಗೆಯನ್ನೂ ನೋಡಿ ಬಂದೆ. ಬಾಯಿಬಿಟ್ಟು ಕೇಳುವ ಧೈರ್ಯ ಎಲ್ಲಿಂದ ಬರಬೇಕು! ಎರಡು ದಿನ ಬಿಟ್ಟು ಬಿ.ಪಿ. ಮಾತ್ರೆ ತರಬೇಕು ಅಂತ ಹೊಳೆನರಸೀಪುರದ ಬಸ್ಸು ಹತ್ತಿದರು. ಮಾತ್ರೆ ಹಿಂದಿನ ವಾರವೇ ನಿಮ್ಮ ಮಾವ ತಂದಿದ್ದರು. ಮತ್ತೆ ನಿನ್ನೆ ಒಂದು ಸಲ ಹೋಗಿಬಂದರು. ನಿನ್ನೆ ಸಾಯಂಕಾಲ ನಾನು ಒಲೆ ಮುಂದೆ ಇದ್ದೆ, ಹಿಂದಿನಿಂದ, "ನೋಡೇ ಲಕ್ಷ್ಮೀ, ತೋಳು ಬಿಗಿ ಮಾಡಾಕವ್ನೆ ಆ ಟೈಲರ್ರು" ಅಂದರು. ತಿರುಗಿ ನೋಡಿದರೆ ನೇರಳೆ ರವಿಕೆ ತೊಟ್ಟು ನಿಂತಿದ್ದಾರೆ! ನನ್ನ ಕೈಯಲ್ಲಿದ್ದ ಸೌಟು ಬಿದ್ದೇಹೋಯಿತು.

ಮೆಚ್ಚಿಕೊಂಡರು ಅಂತ ತಿಳಿಯಬೇಡ. ಲೈನಿಂಗ್ ಬಟ್ಟೆ ನೆನೆಸಿ ಒಣಗಿಸಿ ಇಟ್ಟಿಲ್ಲ, ಮೊದಲ ಒಗೆತಕ್ಕೇ ಕುಗ್ಗುತ್ತದಂತೆ. ಹುಕ್ಕು ಸಾಲಲಿಲ್ಲವಂತೆ. ಪೊಟ್ಟಣದ ಮೇಲೆ ಅಷ್ಟೊಂದು ಇಂಗ್ಲಿಷ್ ಯಾರಿಗೋಸ್ಕರವಂತೆ. ಎಲ್ಲ ಹೇಳಿ ಮುಗಿಸಿ ಬಾಗಿಲಿಗೆ ಒರಗಿ ನಿಂತರು. ಆಮೇಲೆ ಮೆಲ್ಲಗೆ, "ಬಟ್ಟೆಗೇನ್ ಗತಿಗೆಟ್ಟಿರ್ನಿಲ್ಲ ಕಣೇ ನಾನು, ನನ್ ತಮ್ಮ ಏನ್ ಕಮ್ಮಿ ಮಾಡವ್ನೆ? ಆದ್ರೂ ಇನ್ನೊಬ್ರು ಕೊಡಾದು ಅನ್ನೋದೇ ಬ್ಯಾರೆ. ಇಷ್ಟ್ ಕಾಲ ಆಯ್ತು, ನನ್ ಮುಂದಕ್ಕೆ ಯಾರೂ ತಟ್ಟೆ ತಂದಿರ್ನಿಲ್ಲ" ಅಂದರು. ಸೆರಗಿನಲ್ಲಿ ಮೂಗು ಒರೆಸಿಕೊಂಡು, ಸಾರು ಉಕ್ಕುತ್ತಿದೆ ನೋಡಬಾರದಾ ಅಂತ ನನ್ನನ್ನೇ ಗದರಿದರು. ನನಗೂ ಕಣ್ಣು ಮಂಜಾಗಿ ಸಾರು ಕಾಣುತ್ತಿರಲಿಲ್ಲ.

ಈಗ ನೀನು ಹೇಳು. ನಿನ್ನ ಲೇಬಲ್ಲಿನಲ್ಲಿ ಹೆಸರು ಬರೆಯುವುದಕ್ಕೆ ಜಾಗ ಇದೆ. ಮುತ್ತೈದೆ ಅಂತ ಅದರಲ್ಲಿ ಎಲ್ಲಾದರೂ ಅಚ್ಚು ಹಾಕಿಸಿದ್ದೀಯಾ? ಗಂಡ ಇದ್ದಾನೋ ಇಲ್ಲವೋ ಅಂತ ಎಲ್ಲಾದರೂ ಕೇಳಿದ್ದೀಯಾ? ನೀನೇ ಕೈಯಾರೆ ಮಾಡಿದ್ದು ನಿನಗೇ ಕಾಣಲಿಲ್ಲವಲ್ಲೇ ಕಂದ. ಗುರುವಾರ ಆ ಮೇಷ್ಟ್ರು ಮತ್ತೆ ನಿನ್ನ ಗಿರಾಕಿ ಯಾರು ಅಂತ ಕೇಳಿದರೆ, ಹಳ್ಳಿಮೈಸೂರಿನ ಅನಸೂಯಮ್ಮ ಅನ್ನು. ಆಮೇಲೆ ನಿನ್ನ ಹೆಸರೂ ಹೇಳು. ಅಳು ಬಂದರೆ ಒಂದು ಗುಟುಕು ನೀರು ಕುಡಿದು ಮತ್ತೆ ಹೇಳು. ಲೈನಿಂಗಿನ ವಿಷಯ ಮಾತ್ರ ಅವರೇ ಕೇಳುವತನಕ ಎತ್ತಬೇಡ.

ಒಂದು ಮಾತು ಇವತ್ತಿನವರೆಗೆ ನಿನಗೆ ಹೇಳಿರಲಿಲ್ಲ, ಎದುರಿಗೆ ಹೇಳುವುದಕ್ಕೆ ನಾಚಿಕೆ. ಕಾಂತು ಹೋದ ಮೇಲೆ ನಾನು ಮತ್ತೆ ಅನ್ನ ಉಂಡಿದ್ದು ನೀನು ಎದುರಿಗೆ ಕೂತಿದ್ದಕ್ಕೆ. ನಿನ್ನನ್ನು ಕಂಡರೆ ನನಗೆ ಪ್ರಾಣ. ನೀನು ಇನ್ನೊಂದು ಮದುವೆಯಾದರೂ, ಆಗದಿದ್ದರೂ, ಬೆಂಗಳೂರಿನಲ್ಲೇ ಅಂಗಡಿ ಹಾಕಿದರೂ ಇದು ಬದಲಾಗುವುದಿಲ್ಲ. ನಿಮ್ಮಮ್ಮನಿಗೆ ಓದು ಬಿಡುವ ವಿಷಯ ನಾನು ಹೇಳಿಲ್ಲ, ನೀನೂ ಹೇಳಬೇಡ, ಆಕೆಗೆ ಸುಮ್ಮನೆ ಸಂಕಟ.

ಹಾಂ, ಈ ಸಲ ಗೌರಿಗೆ ನನಗೆ ಯಾರ ಯಾರ ಮನೆಯಿಂದ ಎಂಥ ಕಣ ಬಂತು ಅಂತ ಬರೆದಿಡಲು ನೀನು ಹೇಳಿದ್ದೆ. ಒಂದೂ ಬರಲಿಲ್ಲ. ಮಂಡಿ ನೋವಿತ್ತು, ಎಲ್ಲಿಗೂ ಹೋಗಲಿಲ್ಲ. ನಿನ್ನ ಪ್ರಾಜೆಕ್ಟಿಗೆ ಅದರಿಂದ ಕೊರತೆಯಾದರೆ ಬೇಸರ ಮಾಡಿಕೊಳ್ಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ತಲೆಗೆ ಎಣ್ಣೆ ಹಚ್ಚಿಕೊ.

ಗುರುವಾರದ ದಾರಿ ನೋಡುತ್ತಿರುವ
ನಿನ್ನ ಅತ್ತೆ,
ಲಕ್ಷ್ಮಿದೇವಮ್ಮ

ವಿ.ಸೂ.: ಸಿಂಧು, ಇದು ನಿನ್ ದೊಡ್ಡತ್ತೆ ಬರೀತಿರೋದು. ಲಕ್ಷ್ಮಿ ಕಾಗ್ದ ಮಡಿಚ್ದಲೆ ಬುಟ್ಟು ಡೈರಿಗೆ ಹಾಲಾಕಕ್ಕೆ ಓಗವ್ಳೆ, ನಾನು ಓದ್ಬುಟ್ಟೆ. ನಾಕ್ನೇ ಕ್ಲಾಸಿನ್ ಅಕ್ಷರ, ಸೊಟ್ಟಗಿದ್ರೆ ನಗ್ಬ್ಯಾಡ. ಮಂಡಿ ನೋವೂ ಇಲ್ಲ ಗಿಂಡಿ ನೋವೂ ಇಲ್ಲ ಅವ್ಳಿಗೆ. ಅಬ್ಬದ್ ದಿನ ಕರೆದೋರ್ ಮನೆಗೆಲ್ಲ ಓಗಿದ್ಲು. ಕುಂಕುಮ ಇಡುಸ್ಕೊಂಡ್ಲು, ಬಾಗ್ನ ಮುಂದಕ್ಕೆ ಹಿಡುದ್ರೆ ಮಾತ್ರ ಕೈ ಒಡ್ನಿಲ್ಲ. ಮೊದ್ಲು ನನ್ ಸೊಸೆ ಕೈಯಿಂದ ತಕ್ಕತೀನಿ, ಆಮ್ಯಾಕೆ ನಿಮ್ದೆಲ್ಲ ಅಂದ್ಲಂತೆ. ಊರಲ್ಲೆಲ್ಲ ಅದೇ ಮಾತು. ಮುತ್ತೈದೆ ಬಾಗ್ನ ಬ್ಯಾಡ ಅನ್ನಾದು ನಾ ಹುಟ್ಟುದ್ ಮ್ಯಾಕೆ ಕಂಡಿರ್ನಿಲ್ಲ. ನಾನೂ ಬೈದೆ, ಕೇಳ್ನಿಲ್ಲ. ಗುರ್ವಾರ ನೀ ನಿಂತ್ಕಂಡು ಮಾತಾಡ್ಬುಟ್ಟು ಬಾ ಕಣವ್ವ. ನೀ ಬಾಗ್ನ ಕೊಡಕ್ಕೆ ಅಂತ ಹೊಸ ಮೊರ ತಂದು, ಅರಿಶಿನ ಬಳ್ದು, ಅಟ್ಟದ್ ಮ್ಯಾಲೆ ಮಡಗವ್ಳೆ.