ವಿಮಾನದ ಮೂರನೇ ಪಾಲು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಮುಂಗೈಯ ಸುಟ್ಟ ಗಾಯ ಒಣಗಿತಾ? ಹಡಗಿನ ಎಂಜಿನ್ ಕೋಣೆಯಲ್ಲಿ ಉದ್ದ ತೋಳಿನ ಅಂಗಿ ಹಾಕಿಕೋ ಎಂದು ಎಷ್ಟು ಸಲ ಹೇಳಬೇಕು ನಿನಗೆ? ಸೆಕೆ ಎನ್ನುತ್ತೀಯ. ಬೆವರಾದರೆ ಒರೆಸಿಕೊಳ್ಳಬಹುದು, ಸುಟ್ಟ ಚರ್ಮವನ್ನು ಒರೆಸಿಕೊಳ್ಳಲಾಗುತ್ತದೆಯೇ? ಹೊತ್ತಿಗೆ ಸರಿಯಾಗಿ ನಿದ್ದೆ ಮಾಡುತ್ತಿದ್ದೀಯಾ? ಫೋನಿನಲ್ಲಿ ನಿನ್ನ ಅರ್ಧ ಮಾತು ಸಮುದ್ರದ ಗಾಳಿಗೇ ಹೋಗುತ್ತದೆ, ಅದಕ್ಕೇ ಈ ಕಾಗದವನ್ನು ಮುಂದಿನ ಬಂದರಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ನಾವಿಲ್ಲಿ ಚೆನ್ನಾಗಿದ್ದೇವೆ. ನಿಮ್ಮಪ್ಪ ಫೋನಿನಲ್ಲಿ ಹೇಳುತ್ತಾರಲ್ಲ, ಆ 'ಚೆನ್ನಾಗಿದ್ದೇವೆ' ಅಲ್ಲ, ನಿಜವಾಗಿಯೂ ಚೆನ್ನಾಗಿದ್ದೇವೆ. ಆದರೆ ನಡುವೆ ಕೆಲವು ತಿಂಗಳು ಚೆನ್ನಾಗಿರಲಿಲ್ಲ. ಅದನ್ನು ನಿನಗೆ ಹೇಳಕೂಡದು ಎಂದು ಅವರು ನನ್ನ ಬಾಯಿ ಕಟ್ಟಿಹಾಕಿದ್ದರು. ಕಟ್ಟಿದ್ದು ಬಾಯಿಯನ್ನು ತಾನೇ, ಕೈಯನ್ನಲ್ಲವಲ್ಲ!

ನೀನು ಹಡಗು ಹತ್ತಿದ ಸ್ವಲ್ಪ ದಿನಕ್ಕೇ ನಿಮ್ಮಪ್ಪ ಪೈಲಟ್ ಲೈಸೆನ್ಸಿನ ವೈದ್ಯಕೀಯ ಪರೀಕ್ಷೆಗೆ ಹೋಗಿದ್ದರು. ಪ್ರತಿ ಸಲ ಹೋಗುವ ಹಾಗೆ ನಗುನಗುತ್ತಾ ಹೋದವರು ಮುಖ ಸಣ್ಣದು ಮಾಡಿಕೊಂಡು ಬಂದರು. ಎದೆ ಬಡಿತದ ತಾಳ ತಪ್ಪಿದೆಯಂತೆ, ಲೈಸೆನ್ಸು ತಡೆಹಿಡಿದಿದ್ದಾರಂತೆ. ಕಾಲಿನ ರಕ್ತನಾಳದಿಂದ ಸಣ್ಣ ತಂತಿಯೊಂದನ್ನು ಎದೆಯವರೆಗೆ ತೂರಿಸಿ ತಾಳ ಸರಿಮಾಡುವ ಚಿಕಿತ್ಸೆಯಿದೆ, ತಡಮಾಡದೆ ಮಾಡಿಸಿಕೊಳ್ಳಿ ಎಂದು ಡಾಕ್ಟರು ಒತ್ತಿ ಹೇಳಿದ್ದಾರೆ. ಅದಾದ ಮೇಲೆ ಲೈಸೆನ್ಸು ಸಿಕ್ಕೀತೇ ಎಂದು ಇವರು ಕೇಳಿದ್ದಕ್ಕೆ ಮಾತ್ರ ಖಂಡಿತ ಎಂದಿಲ್ಲ. ಅಷ್ಟೇ ಸಾಕಾಯಿತು ನೋಡು. "ಹಾರೋದೇ ಇಲ್ಲ ಅಂದ್ಮೇಲೆ ತಾಳ ಸರಿ ಮಾಡ್ಕೊಂಡು ಏನು, ಕುಣೀಲಾ?" ಎಂದವರು ಆಸ್ಪತ್ರೆಯ ಕಡೆ ತಲೆಹಾಕಿಯೂ ಮಲಗಲಿಲ್ಲ. ಬೆಳಿಗ್ಗೆ ತಮ್ಮ ಕನ್ನಡಕದ ಅಂಗಡಿಗೆ ಹೋಗುವುದು, ಒರೆಸಿದ ಗಾಜನ್ನೇ ಮತ್ತೆ ಒರೆಸುವುದು, ಸಂಜೆ ಬಂದು ಕುರ್ಚಿಯಲ್ಲಿ ಕುಸಿಯುವುದು. ನಾನು ಏನು ಕೇಳಿದರೂ ಒಂದು 'ಹೂಂ'. ನಾನು ಗದರಿ ನೋಡಿದೆ, ಅತ್ತು ನೋಡಿದೆ, ಮಾತು ಬಿಟ್ಟು ನೋಡಿದೆ. ಮಾತು ಬಿಟ್ಟದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಆ ಬಿಳಿ ವಿಮಾನವನ್ನು ನಾನು ಸವತಿ ಎಂದೇ ಕರೆಯುತ್ತಿದ್ದದ್ದು ನಿನಗೆ ನೆನಪಿರಬೇಕು. ನೀನು ಶಾಲೆಗೆ ಹೋಗುತ್ತಿದ್ದಾಗ ನಿಮ್ಮಪ್ಪ, ನಿನ್ನ ಹಲ್ಲು ಡಾಕ್ಟರ್ ಮಾಮ, ಬಡಗಿ ಚಿಕ್ಕಮ್ಮ ಮೂವರೂ ಸೇರಿ ಕೊಂಡದ್ದು. ಒಬ್ಬೊಬ್ಬರಿಂದ ಆಗದ ಕೆಲಸ, ಮೂವರಿಗೂ ಅದೇ ಹುಚ್ಚು. ವಾರದ ದಿನಗಳನ್ನು ಹಂಚಿಕೊಂಡರು, ಶೆಡ್ಡಿನ ಬಾಡಿಗೆ, ಎಂಜಿನ್ ರಿಪೇರಿ ಎಲ್ಲಕ್ಕೂ ಸಮಪಾಲು. ಇವರ ಸರದಿಯ ದಿನ ಮಳೆ ಬಂದರೆ ಮನೆಯಲ್ಲಿ ನಾನೇ ಮೋಡ ತಂದವಳ ಹಾಗೆ ನನ್ನ ಮೇಲೆ ಸಿಡುಕು! ಅಷ್ಟು ಹಚ್ಚಿಕೊಂಡವರು ಒಂದು ದಿನ "ನನ್ನ ಪಾಲು ಮಾರಿಬಿಡಿ" ಎಂದು ಗೆಳೆಯರಿಗೆ ಹೇಳಿ ಕಳಿಸಿದರು. ಸವತಿ ತೊಲಗುತ್ತಾಳೆ ಎಂದು ನಾನು ಸಂತೋಷಪಡಬೇಕಿತ್ತು. ಬದಲಿಗೆ ಹೆದರಿದೆ. ಆ ಪಾಲು ಹೋದರೆ ಈ ಮನುಷ್ಯ ಮತ್ತೆ ಕುರ್ಚಿಯಿಂದ ಏಳುವುದಿಲ್ಲ ಎನ್ನಿಸಿತು.

ಕೊಳ್ಳಲು ಒಬ್ಬ ಟೈಲ್ಸ್ ವ್ಯಾಪಾರಿ ಸಿಕ್ಕಿದ. ಶೆಡ್ಡಿನಲ್ಲಿ ಎಲ್ಲರೂ ಸೇರಿದ್ದೆವು. ಆತ ವಿಮಾನದ ಸುತ್ತ ಒಂದು ಸುತ್ತು ಬಂದು, ಭಾನುವಾರಗಳೆಲ್ಲ ತನಗೇ ಬೇಕು, ಬಣ್ಣ ಕೆಂಪು ಮಾಡಿಸಬೇಕು ಎಂದ. ನಿಮ್ಮಪ್ಪ ನೆಲ ನೋಡುತ್ತಾ "ಹೂಂ" ಎಂದರು. ಪಾಲು ಹೊರಗಿನವರಿಗೆ ಹೋಗುವ ಮೊದಲು ಮನೆಯವರನ್ನು ಕೇಳಬೇಕು ಎಂದು ಮೂವರೂ ಮೊದಲೇ ಮಾತಾಡಿಕೊಂಡಿದ್ದರಂತೆ. ಅದಕ್ಕೆ ನಿನ್ನ ಬಡಗಿ ಚಿಕ್ಕಮ್ಮ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಲೇ, "ಅಕ್ಕಾ, ಕೇಳ್ಬೇಕು ಅಂತ ಕೇಳ್ತಿದೀನಿ, ನಿಮಗೇನಾದ್ರೂ ಬೇಕಾ ಇದು?" ಎಂದಳು. "ಬೇಕು" ಎಂದೆ. ಹೇಳಿದ ಮೇಲೆಯೇ ಹೇಳಿದ್ದು ನಾನು ಎಂದು ನನಗೆ ಗೊತ್ತಾಗಿದ್ದು! ಅವಳ ಕೈಯ ಲೋಟ ತುಂಬಿ ಚಹಾ ನೆಲಕ್ಕೆ ಸುರಿಯುತ್ತಿತ್ತು. ನಿಮ್ಮಪ್ಪ ಎಷ್ಟೋ ವಾರಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿದರು. "ತಲೆ ಸರಿ ಇದೆಯೇನೇ ನಿನಗೆ? ಕಾರು ರಿವರ್ಸ್ ತೆಗೆಯೋಕೇ ಬರಲ್ಲ ನಿನಗೆ!" ಎಂದರು. "ವಿಮಾನಕ್ಕೆ ರಿವರ್ಸ್ ಇಲ್ವಲ್ಲಾ ರೀ" ಎಂದೆ. ಟೈಲ್ಸಿನವನೂ ನಕ್ಕುಬಿಟ್ಟ. ಇವರು ಮಾತ್ರ ನಗಲಿಲ್ಲ, ಕಾರಿನಲ್ಲಿ ಹೋಗಿ ಕುಳಿತರು.

ಟೈಲ್ಸಿನವ ಬರಿಗೈಲಿ ಹೋದ, ನಾನು ಕಲಿಯಲು ಸೇರಿದೆ. ಕಲಿಯುವುದು ಹುಡುಗಾಟವಲ್ಲ ಪುಟ್ಟೀ. ಹಾರುವುದನ್ನು ಕಲಿಸುವ ಮೇಷ್ಟ್ರು ನಿನಗಿಂತ ಚಿಕ್ಕವನು, ಪಾಪ, ನನ್ನನ್ನು ಬೈಯಲೂ ಆಗದೆ ಒದ್ದಾಡುತ್ತಿದ್ದ. ಎಡಕ್ಕೆ ತಿರುಗಿಸಿ ಎಂದರೆ ನನ್ನ ಕಾಲು ಬಲಗಡೆಯ ಪೆಡಲನ್ನು ಒತ್ತುತ್ತಿತ್ತು. ರೇಡಿಯೋದಲ್ಲಿ ಮಾತಾಡಿ ಎಂದರೆ ಮೊದಲು "ಹಲೋ, ನಮಸ್ಕಾರ" ಎನ್ನುತ್ತಿದ್ದೆ. ಆದರೆ ನೆಲ ಬಿಟ್ಟು ಏಳುವ ಆ ಗಳಿಗೆ ಇದೆಯಲ್ಲ, ಗಾಲಿಯ ಗಡಗಡ ಸದ್ದು ಪಟ್ಟನೆ ನಿಂತುಹೋಗುವುದು, ಅದರ ರುಚಿ ಹತ್ತಿಬಿಟ್ಟಿತು ನನಗೆ. ನಿಮ್ಮಪ್ಪ ಒಂದು ದಿನವೂ ಬಂದು ನೋಡಲಿಲ್ಲ, ಒಂದು ಮಾತೂ ಕೇಳಲಿಲ್ಲ. ಮನೆಯಲ್ಲಿ ಇಬ್ಬರೂ ವಿಮಾನದ ಮಾತು ಬಿಟ್ಟು ಸೊಪ್ಪಿನ ರೇಟು ಮಾತಾಡುತ್ತಿದ್ದೆವು.

ಕೊನೆಗೊಂದು ದಿನ ಮೇಷ್ಟ್ರು ಇಳಿದು ನನ್ನೊಬ್ಬಳನ್ನೇ ಮೇಲೆ ಕಳಿಸಿದ. ದೇವರ ದಯೆ, ಸರಿಯಾಗಿ ಇಳಿದೆ. ಧೈರ್ಯ ಬಂತು. ಮುಂದಿನ ವಾರ ಅದೇ ಧೈರ್ಯದಲ್ಲಿ ಇಳಿಯುವಾಗ ವಿಮಾನ ಕಪ್ಪೆಯ ಹಾಗೆ ಎಗರಿತು, ಹೆದರಿ ಮೂತಿಯನ್ನು ಕೆಳಕ್ಕೆ ಒತ್ತಿಬಿಟ್ಟೆ, ಮುಂದಿನ ಗಾಲಿ ದಡಾರೆಂದು ಬಡಿದು ಅದರ ಕಂಬ ಬಾಗಿತು. ನನಗೊಂದು ಗೀರೂ ಆಗಲಿಲ್ಲ, ಗಾಬರಿಯಾಗಬೇಡ. ಆದರೆ ಮೂರು ಜನರ ಸೊತ್ತು ಶೆಡ್ಡಿನಲ್ಲಿ ಮೂತಿಗೆ ಆಸರೆ ಕೊಟ್ಟುಕೊಂಡು ನಿಂತಿತು. ಹಲ್ಲು ಡಾಕ್ಟರು ಆ ವಾರವೇ ಅದರಲ್ಲಿ ತನ್ನ ತಾಯಿಯನ್ನು ನೋಡಲು ಹೋಗುವವನಿದ್ದ. ಆ ಮುದುಕಿ ಕಾದಿದ್ದೇ ಬಂತು. ನಾಚಿಕೆಯಿಂದ ನಾನು ಶೆಡ್ಡಿನ ಕಡೆ ಹೋಗುವುದನ್ನೇ ಬಿಟ್ಟೆ.

ಡಾಕ್ಟರು ಮನೆಗೇ ಬಂದ. ಬೈಯುವವನಲ್ಲ ಅವನು, ಆದರೆ ಕಾಫಿಯನ್ನೂ ಮುಟ್ಟದೆ, "ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಈ ವಯಸ್ಸಿಗೆ ನಿಮಗೆ ಇದೆಲ್ಲ ಬೇಕಾ?" ಎಂದ. ನಾನೂ ಅದನ್ನೇ ಹೇಳಲು ಬಾಯಿ ತೆರೆದಿದ್ದೆ, ಪಾಲು ಟೈಲ್ಸಿನವನಿಗೇ ಕೊಟ್ಟುಬಿಡಿ ಎಂದು. ಅಷ್ಟರಲ್ಲಿ ಕುರ್ಚಿಯಿಂದ ದನಿ ಬಂತು. "ಯಾಕಪ್ಪಾ, ನಿನ್ನ ವಯಸ್ಸಿಗೆ ನೀನು ರೆಕ್ಕೆ ತುದೀನ ಶೆಡ್ಡಿನ ಬಾಗಿಲಿಗೆ ಉಜ್ಜಿದಾಗ ನಾವು ಏನಾದ್ರೂ ಕೇಳಿದ್ವಾ? ಇಪ್ಪತ್ತು ವರ್ಷ ಹಾರಿಸಿದವನು ನೀನು. ಇವಳು ಮೊನ್ನೆ ಶುರು ಮಾಡಿದವಳು." ಡಾಕ್ಟರು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, "ಅದು ಗಾಳಿ ತಳ್ಳಿದ್ದು ಕಣೋ" ಎಂದು ಗೊಣಗಿದ. ಇವರು ಜೋರಾಗಿ ನಕ್ಕರು. ಆ ನಗು ಕೇಳಿ ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅವನು ಹೋದ ಮೇಲೆ ನಿಮ್ಮಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಎಗರಿದ ಮೇಲೆ ಮೂತಿ ಒತ್ತಿದೆ ತಾನೇ?" ಎಂದರು. ಹೌದೆಂದೆ. "ಎಲ್ಲರೂ ಒತ್ತುತ್ತಾರೆ. ಬಾ ಇಲ್ಲಿ." ಊಟದ ಮೇಜಿನ ಮುಂದೆ ನನ್ನನ್ನು ಕೂರಿಸಿ ಕೈಗೆ ಸೌಟು ಕೊಟ್ಟರು. ಸೌಟೇ ವಿಮಾನದ ಹಿಡಿಕೆ, ಮೇಜೇ ರನ್‌ವೇ. "ನೆಲಾನ ನೋಡ್ಬೇಡ ಕಣೇ, ಅದು ಎಲ್ಲೂ ಓಡಿಹೋಗಲ್ಲ. ದೂರ ನೋಡು, ರನ್‌ವೇ ಕೊನೆ ನೋಡು. ಈಗ ನಿಧಾನ ಎಳಿ, ಹಾಲು ಉಕ್ಕುವಾಗ ಉರಿ ಸಣ್ಣ ಮಾಡ್ತೀಯಲ್ಲ, ಹಾಗೆ." ಹದಿನೈದು ದಿನ ನಮ್ಮ ಮನೆಯಲ್ಲಿ ಸಂಜೆಯೆಲ್ಲ ಸೌಟು ಹಾರಿತು, ಇಳಿಯಿತು. ಸಾರು ಬಡಿಸುವಾಗಲೂ "ದೂರ ನೋಡು" ಎನ್ನುತ್ತಿದ್ದರು. ಗಾಲಿ ರಿಪೇರಿಯಾದ ದಿನ ತಾವೇ ಶೆಡ್ಡಿಗೆ ಬಂದು, ಬಡಗಿ ಚಿಕ್ಕಮ್ಮನ ಜೊತೆ ಬೇಲಿಗೆ ಒರಗಿ ನಿಂತು, ನಾನು ಇಳಿದಾಗಲೆಲ್ಲ ಕೈಯೆತ್ತಿದರು.

ಹೋದ ತಿಂಗಳು ನನಗೆ ಲೈಸೆನ್ಸು ಬಂತು ಪುಟ್ಟೀ. ಪಾಲು ಈಗ ನನ್ನ ಹೆಸರಿನಲ್ಲಿದೆ. ಇವತ್ತು ಬೆಳಿಗ್ಗೆ ಮೊದಲ ಸಲ ನಿಮ್ಮಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿದ್ದೆ. ನಾನು ವಿಮಾನದ ಸುತ್ತ ಬಂದು ಎಲ್ಲ ನೋಡಿದ ಮೇಲೆ ತಾವೂ ಒಂದು ಸುತ್ತು ಬಂದು ನೋಡಿದರು, ಇರಲಿ ಎಂದು ಸುಮ್ಮನಿದ್ದೆ. ಕೈ ತಾನಾಗಿ ಹಿಡಿಕೆಗೆ ಹೋಗಬಾರದೆಂದು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು, ಪರೀಕ್ಷೆಗೆ ಕೂತ ಹುಡುಗನ ಹಾಗೆ. ನದಿಯ ತಿರುವು ದಾಟಿದ ಮೇಲೆ ಗಾಳಿ ಸಮಾಧಾನವಾಗಿತ್ತು. "ಸ್ವಲ್ಪ ಹಿಡ್ಕೊಳ್ತೀರಾ?" ಎಂದು ಕೇಳಿದೆ. "ಬೇಡ, ಪೈಲಟ್ ನೀನು" ಎಂದರು. ಕಿಟಕಿಯ ಕಡೆ ಕತ್ತು ಹೊರಳಿಸಿ, "ಇಷ್ಟು ವರ್ಷ ಮೀಟರುಗಳನ್ನು ನೋಡ್ತಾ, ಗಾಳಿ ನೋಡ್ತಾ ಹಾರಿದೆ. ಕಿಟಕಿ ಆಚೆ ನೋಡೋಕೆ ಪುರುಸೊತ್ತೇ ಇರಲಿಲ್ಲ ನೋಡು. ಎಷ್ಟು ಚೆನ್ನಾಗಿದೆ!" ಎಂದರು. ಆಮೇಲೆ ಮಗುವಿನ ಹಾಗೆ ಗಾಜಿಗೆ ಹಣೆ ಒತ್ತಿಕೊಂಡು, ಅಗೋ ನಮ್ಮ ಮಹಡಿ, ಅಗೋ ನಿನ್ನ ಶಾಲೆಯ ಮೈದಾನ, ಅಗೋ ಅಂಗಡಿ ಬೀದಿ ಎಂದು ನನಗೆ ತೋರಿಸುತ್ತಲೇ ಇದ್ದರು. ನಾನು ನೋಡಲಿಲ್ಲ, ನನಗೆಲ್ಲಿಯ ಪುರುಸೊತ್ತು!

ಕಾಗದ ತುಂಬಿತು. ಹಲ್ಲು ಡಾಕ್ಟರ್ ಮಾಮ ಎರಡು ಹೊತ್ತೂ ಹಲ್ಲುಜ್ಜು ಎಂದಿದ್ದಾನೆ, ಬಡಗಿ ಚಿಕ್ಕಮ್ಮ ನಿನ್ನ ಪುಸ್ತಕಗಳಿಗೆ ಕಪಾಟು ಮಾಡಿಟ್ಟಿದ್ದಾಳೆ. ನಿನ್ನ ಎಂಜಿನ್ನು ಮುನಿಯದಿರಲಿ, ಅಲೆಗಳು ನಿನ್ನನ್ನು ಜೋಪಾನವಾಗಿ ದಡಕ್ಕೆ ಸೇರಿಸಲಿ, ನೂರು ವರ್ಷ ಬಾಳು ನನ್ನವ್ವಾ.

ನಿನ್ನ
ಅಮ್ಮ

ಮರೆತಿದ್ದೆ, ಮುಖ್ಯವಾದದ್ದೇ ಬಿಟ್ಟುಹೋಯಿತು: ನಿಮ್ಮಪ್ಪ ಈಗಷ್ಟೇ ಒಳಗೆ ಬಂದು, "ಆಸ್ಪತ್ರೆಗೆ ಫೋನು ಮಾಡಿದೆ, ದಿನ ಕೊಟ್ಟಿದ್ದಾರೆ" ಎಂದು ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿ ಹೋದರು. ಲೈಸೆನ್ಸಿನ ಮಾತೇ ಎತ್ತಲಿಲ್ಲ. ನೀನು ಹಡಗಿನಿಂದ ಇಳಿಯುವ ವಾರವೇ ಚಿಕಿತ್ಸೆ. ಮುಗಿಯುವವರೆಗೆ ಮಗಳಿಗೆ ಹೇಳಬೇಡ ಎಂದಿದ್ದಾರೆ, ನಾನು ಹೇಳುತ್ತಿದ್ದೇನೆ, ನೀನು ಬರಬೇಕು. ನೀನು ಇಳಿಯುವ ಬಂದರಿನ ಪಕ್ಕ ಸಣ್ಣ ವಿಮಾನ ಇಳಿಯುವ ಜಾಗವಿದೆಯಂತೆ. ಬಸ್ಸು ಹತ್ತಬೇಡ, ನಾವಿಬ್ಬರೂ ಬರುತ್ತೇವೆ. ಒಂದೇ ಚೀಲ ತಾ. ನಿನ್ನ ತೂಕ ಎಷ್ಟೆಂದು ಕೂಡಲೇ ತಿಳಿಸು, ನಿಜವಾದ ತೂಕ. ಭಾರದ ಲೆಕ್ಕ ಅಪ್ಪನೇ ಹಾಕುತ್ತಾರಂತೆ.