ಗುರುವಾರದ ತಾಯಂದಿರ ಪರವಾಗಿ, ತಮ್ಮ ಅಂಗಿ ಹೊಲಿಯುತ್ತಿರುವವನಿಂದ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನಮ್ಮ ಮಕ್ಕಳ ಮೂರ್ಛೆರೋಗದ ಮಾತ್ರೆ ನಿಲ್ಲಿಸಿದವರು ತಾವು. ಅದಕ್ಕೆ ಬೈಸಿಕೊಂಡವರು ನಾವು. ಕಳೆದ ವಾರ ರೇಡಿಯೋದಲ್ಲಿ ತಾವು ಅಪ್ಪಣೆ ಕೊಡಿಸಿದ ಮಾತು ಸರೋವರದ ದಂಡೆಯ ಅಂಗಡಿಗಳಲ್ಲೆಲ್ಲ ಕೇಳಿಸಿತು. "ತಿಳಿವಳಿಕೆಯಿಲ್ಲದ ಕೆಲವು ತಾಯಂದಿರು ಮಾತ್ರೆಗಳನ್ನು ಮನಬಂದಂತೆ ಹಂಚಿಕೊಂಡು ಮಕ್ಕಳ ಜೀವದೊಂದಿಗೆ ಆಟವಾಡಿದ್ದಾರೆ" ಎಂದಿರಿ. ಆ ಹೊತ್ತಿಗೆ ನಾನು ಅಂಗಡಿಯ ಜಗಲಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ಯಂತ್ರದ ಮೇಲಿದ್ದದ್ದು ತಮ್ಮದೇ ಅಂಗಿ. ತೋಳು ಕೂಡಿಸುತ್ತಿದ್ದೆ. ಸೂಜಿ ಬಟ್ಟೆಯಲ್ಲಿ ನಾಟಿಕೊಂಡಿದ್ದ ಹಾಗೆಯೇ ಪೆಡಲ್ಲಿನಿಂದ ಕಾಲು ತೆಗೆದೆ.

ತಮ್ಮ ಮಾತಿಗೆ ಮೊದಲು ಒಂದು ಸಣ್ಣ ತಿದ್ದುಪಡಿ. ಆ ತಾಯಂದಿರಲ್ಲಿ ಒಬ್ಬರಿಗೆ ಮೀಸೆ ಇದೆ. ನಮ್ಮ ಆರೋಗ್ಯ ಕೇಂದ್ರದಲ್ಲಿ ಫಿಟ್ಸ್ ಬರುವ ಮಕ್ಕಳಿಗೆ ಮಾತ್ರೆ ಕೊಡುವುದು ಗುರುವಾರ. ಗುರುವಾರವೇ ನನ್ನ ಹೆಂಡತಿ ಎಲೂಬೆ ಒಣಗಿಸಿದ ಉಸಿಪಾ ಮೀನಿನ ಮೂಟೆ ಹೊತ್ತು ಪೇಟೆಗೆ ಹೋಗುತ್ತಾಳೆ. ಹೀಗಾಗಿ ಮಗಳು ಅಲಿನಾಫೆಯನ್ನು ಕರೆದುಕೊಂಡು ಮಾವಿನಮರದ ಕೆಳಗೆ ಹೆಂಗಸರ ಸಾಲಿನಲ್ಲಿ ಕೂರುವ ಗಂಡಸು ನಾನೊಬ್ಬನೇ. ಅವರು ಸುಮ್ಮನೆ ಕೂರಲು ಬಿಡುತ್ತಾರೆಯೇ?

"ಏನ್ ಟೈಲರಣ್ಣ, ಬರೀ ಮಾತ್ರೆ ನುಂಗಿಸ್ತೀಯೋ, ಹಾಲೂ ಕುಡಿಸ್ತೀಯೋ?" ಎಂದು ನಾಮ್ವಾಲೆ ಎಂಬಾಕೆ ಎಲ್ಲರಿಗೂ ಕೇಳುವಂತೆ ಕೇಳುತ್ತಿದ್ದಳು. ಅವಳ ಮಗ ಯಾಂಖೋಗೂ ಇದೇ ಕಾಯಿಲೆ.

"ನಾಲಿಗೆ ಚಾಚವ್ವ ಇಲ್ಲಿ, ಅಳತೆ ತಗೊಂಡು ಅದಕ್ಕೊಂದು ಚೀಲ ಹೊಲಿದು ಕೊಡ್ತೀನಿ" ಎನ್ನುತ್ತಿದ್ದೆ.

ಹೀಗೆ ನಗುತ್ತ ನಗುತ್ತ ನಾನೂ ಒಬ್ಬ ತಾಯಿಯಾದೆ. ಆದ್ದರಿಂದ ತಮ್ಮ ಬೈಗುಳದಲ್ಲಿ ನನ್ನ ಪಾಲನ್ನು ತೆಗೆದುಕೊಂಡೇ ಬರೆಯುತ್ತಿದ್ದೇನೆ.

ತಮಗೆ ನೆನಪಿದೆಯೋ ಇಲ್ಲವೋ, ಆ ಮಾವಿನಮರದ ಕೆಳಗೆ ತಾವೂ ಒಮ್ಮೆ ಬಂದಿದ್ದಿರಿ. ಆಗ ತಾವು ಹೊಸಬರು. ಅಲಿನಾಫೆ ಇನ್ನೂ ಶಾಲೆಗೆ ಸೇರಿರಲಿಲ್ಲ. ನಮ್ಮಲ್ಲಿ ಊಟವೆಂದರೆ ಒಂದೇ ತಟ್ಟೆ. ನಡುವೆ ನ್ಸಿಮಾ ಮುದ್ದೆ, ಸುತ್ತ ಮಕ್ಕಳು, ಎಲ್ಲರ ಕೈಯೂ ಒಂದೇ ಕಡೆಗೆ. ಫಿಟ್ಸ್ ಬರುವ ಮಗುವಿಗೆ ಮಾತ್ರ ಬೇರೆ ತಟ್ಟೆ, ಅದೂ ಬಾಗಿಲ ಹೊರಗೆ. ಅದರ ಎಂಜಲು ತಾಗಿದರೆ ಕಾಯಿಲೆ ಅಂಟುತ್ತದೆ ಎಂಬ ಭಯ. ನನ್ನ ಅತ್ತೆ ಕೆಟ್ಟವರಲ್ಲ, ಆದರೆ ಮೊಮ್ಮಗಳಿಗೆಂದು ಒಂದು ನೆಗ್ಗಿದ ತಗಡಿನ ತಟ್ಟೆ ಎತ್ತಿಟ್ಟಿದ್ದರು. ಹೆಂಡತಿಯ ಊರಿಗೆ ಬಂದು ಬಾಳುವ ಅಳಿಯ ನಾನು. ನನ್ನ ಮಾತು ಆ ಮನೆಯಲ್ಲಿ ಎಲ್ಲಿ ನಡೆಯಬೇಕು? ಅಂದು ತಾವು ಏನು ಮಾಡಿದಿರಿ ಗೊತ್ತೇ? ಅಲಿನಾಫೆ ನೀರು ಕುಡಿಯುತ್ತಿದ್ದ ಲೋಟವನ್ನು ಅವಳ ಕೈಯಿಂದ ಈಸಿಕೊಂಡು, ಉಳಿದ ನೀರನ್ನು ಎಲ್ಲರ ಮುಂದೆ ಕುಡಿದುಬಿಟ್ಟಿರಿ. ಹೆಂಗಸರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಅಂದು ನಮ್ಮ ಜೊತೆ ಬಂದಿದ್ದ ಅತ್ತೆ ಎದ್ದೇ ನಿಂತರು.

"ನೋಡ್ರಮ್ಮ, ಇದು ಅಂಟೋ ಕಾಯಿಲೆ ಅಲ್ಲ" ಎಂದಿರಿ ತಾವು. "ದಿನಾ ಅದೇ ಹೊತ್ತಿಗೆ ಮಾತ್ರೆ ಕೊಡಿ. ಒಂದ್ ದಿನಾನೂ ತಪ್ಪಿಸ್ಬೇಡಿ. ಮಗು ಚೆನ್ನಾಗಿದೆ ಅಂತ ನೀವಾಗೇ ನಿಲ್ಲಿಸ್ಬೇಡಿ, ನಿಲ್ಲಿಸಿದ್ರೆ ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತೆ. ಮಾತ್ರೆ ತಂದ್ಕೊಡೋದು ನನ್ನ ಜವಾಬ್ದಾರಿ. ನುಂಗಿಸೋದು ನಿಮ್ದು."

ನಾವು ನುಂಗಿಸಿದೆವು, ಸ್ವಾಮಿ. ಮೊದಮೊದಲು ಮಗಳು ಕೂತಲ್ಲೇ ತೂಕಡಿಸುತ್ತಿದ್ದಳು. ಮಾತ್ರೆಯೇ ಬೇಡ ಎಂದು ಎಲೂಬೆ ಅತ್ತಳು. ಆದರೂ ನಾವಾಗಿ ನಿಲ್ಲಿಸಲಿಲ್ಲ, ಹೋಗಿ ಕೇಳಿದೆವು. ಸಿಸ್ಟರ್ ಅವಳನ್ನು ತಕ್ಕಡಿಯಲ್ಲಿ ತೂಗಿ ಅಳತೆ ಸರಿಮಾಡಿ ಕೊಟ್ಟರು. ಬರುಬರುತ್ತಾ ಫಿಟ್ಸ್ ಅಪರೂಪವಾಯಿತು, ಆಮೇಲೆ ನಿಂತೇಹೋಯಿತು. ಒಂದು ಮಧ್ಯಾಹ್ನ ಅತ್ತೆ ಯಾರ ಮುಖವನ್ನೂ ನೋಡದೆ, "ಬಾರೇ ಒಳಗೆ, ಬಿಸಿಲಲ್ಲಿ ಏನ್ ಕೂತಿದ್ದೀಯ, ಮುದ್ದೆ ಆರೋಗುತ್ತೆ" ಎಂದರು. ಅಲಿನಾಫೆ ಕೈ ತೊಳೆದು ಅಣ್ಣತಮ್ಮಂದಿರ ನಡುವೆ ನುಗ್ಗಿ ಕೂತಳು. ಆ ತಗಡಿನ ತಟ್ಟೆ ಕೋಳಿಗಳಿಗೆ ನೀರಿಡುವ ತಟ್ಟೆಯಾಯಿತು. ಅಂದಿನಿಂದ ತಮ್ಮ ವಿರುದ್ಧ ಯಾರಾದರೂ ಒಂದು ಮಾತು ಆಡಿದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ.

ಈಗ ಈ ವರ್ಷದ ಕಥೆಗೆ ಬರೋಣ. ಮಳೆ ಮುಗಿದ ಮೇಲಿನ ಗುರುವಾರವೊಂದರಂದು ಹೋದರೆ ಮಾತ್ರೆಯ ಬೀರು ಖಾಲಿ. "ಮುಂದಿನ ವಾರ ಬರುತ್ತೆ" ಎಂದರು ಸಿಸ್ಟರ್, ಅವರ ಮುಖವೂ ಸಪ್ಪಗಿತ್ತು. ಮುಂದಿನ ವಾರ ತಮ್ಮ ಕಚೇರಿಯ ಜೀಪು ನಿಜವಾಗಿಯೂ ಬಂತು. ನಾವು ಎದ್ದು ಓಡಿದೆವು. ಇಳಿದದ್ದು ಬಟ್ಟೆಯ ಗಂಟುಗಳು! ಹೊಸ ಮೂರ್ಛೆರೋಗ ಯೋಜನೆಯ ಉದ್ಘಾಟನೆಗೆ ದೊಡ್ಡವರು ಬರುತ್ತಾರಂತೆ, ಅಂದು ಎಲ್ಲ ತಾಯಂದಿರೂ ಒಂದೇ ಬಣ್ಣದ ಬಟ್ಟೆ ಸುತ್ತಿಕೊಂಡು ಕುಣಿಯಬೇಕಂತೆ. ನೀಲಿ ಬಟ್ಟೆ, ಅದರ ಮೇಲೆ ದಪ್ಪಕ್ಷರದಲ್ಲಿ ತಮ್ಮದೇ ಮಾತು: ಒಂದು ದಿನವೂ ಮಾತ್ರೆ ತಪ್ಪಿಸಬೇಡಿ. ಅದೇ ಬಟ್ಟೆಯಲ್ಲಿ ತಮಗೊಂದು ಅಂಗಿ ಹೊಲಿಯುವ ಭಾಗ್ಯ ನನ್ನದಾಯಿತು. "ಸಾಹೇಬ್ರು ಹೇಳಿದ್ದಾರೆ, ಅಕ್ಷರ ಸರಿಯಾಗಿ ಎದೆ ಮೇಲೆ ಬರ್ಬೇಕಂತೆ" ಎಂದು ಡ್ರೈವರ್ ತಮ್ಮ ಹಳೆಯ ಅಂಗಿಯನ್ನು ಅಳತೆಗೆ ಕೊಟ್ಟುಹೋದ. ಸಂತೋಷದಿಂದಲೇ ಇಟ್ಟುಕೊಂಡೆ. ಬಟ್ಟೆ ಬಂದಿದೆಯಲ್ಲ, ಹಿಂದೆಯೇ ಮಾತ್ರೆಯೂ ಬರುತ್ತದೆ ಎಂದುಕೊಂಡ ದಡ್ಡ ನಾನು.

ಬರಲಿಲ್ಲ. ಕೆಲವರ ಮನೆಯಲ್ಲಿ ಮಾತ್ರೆ ಇನ್ನೂ ಉಳಿದಿತ್ತು, ಕೆಲವರಲ್ಲಿ ಮುಗಿದಿತ್ತು. ಯಾಂಖೋದು ಮುಗಿದಿತ್ತು. ಅಲಿನಾಫೆಯದು ಸ್ವಲ್ಪ ಇತ್ತು. ಮಾವಿನಮರದ ಕೆಳಗೆ ನಡೆದ ಮಾತನ್ನು ತಾವು ಕೇಳಿಸಿಕೊಳ್ಳಬೇಕು.

"ಒಂದ್ ದಿನಾನೂ ತಪ್ಪಿಸ್ಬಾರ್ದು ಅಂದಿದ್ದಾರೆ ಸಾಹೇಬ್ರು. ನನ್ ಮಗಂದು ನಾಳೆಯಿಂದ್ಲೇ ತಪ್ಪುತ್ತಲ್ಲ" ಎಂದಳು ನಾಮ್ವಾಲೆ. ಅಂದು ಅವಳು ತಮಾಷೆ ಮಾಡಲಿಲ್ಲ.

"ನಮ್ ಮಕ್ಳನ್ನ ಊರೋರು ಬೇರೆ ಕೂರಿಸಿದ್ರು. ಈಗ ನಾವೇ ಒಬ್ರನ್ನೊಬ್ರು ಬೇರೆ ಕೂರ್ಸೋದಾ?" ಎಂದು ಹಿರಿಯಳೊಬ್ಬಳು ಸೆರಗಿನ ಗಂಟು ಬಿಚ್ಚಿ ತನ್ನ ಮೊಮ್ಮಗನ ಮಾತ್ರೆಗಳನ್ನು ನಡುವೆ ಇಟ್ಟಳು. ಎಲ್ಲರೂ ಇಟ್ಟರು. ನಾನೂ ಇಟ್ಟೆ. ಮಾತ್ರೆಗಳನ್ನು ಅರ್ಧ ಅರ್ಧ ಕತ್ತರಿಸಿದ್ದು ನನ್ನದೇ ಬ್ಲೇಡು, ಬಟ್ಟೆ ಕತ್ತರಿಸಿ ಪಳಗಿದ ಕೈ ನೋಡಿ.

ಹೌದು, ಹಂಚಿಕೊಂಡೆವು. ಒಂದು ಮಗುವಿನ ಮಾತ್ರೆ ಇನ್ನೊಂದಕ್ಕಲ್ಲ, ಅರ್ಧ ಮಾತ್ರೆ ಮಾತ್ರೆಯೇ ಅಲ್ಲ, ಅದೂ ಒಮ್ಮೆಲೇ ಅರ್ಧಕ್ಕೆ ಇಳಿಸುವುದು ನಿಲ್ಲಿಸಿದಷ್ಟೇ ಅಪಾಯ ಎಂದು ಈಗ ತಿಳಿದಿದೆ. ಅರ್ಧ ಬಟ್ಟೆಯಲ್ಲಿ ಅಂಗಿಯಾಗುವುದಿಲ್ಲ ಎಂದು ಬಲ್ಲ ನನಗೂ ಅಂದು ಹೊಳೆಯಲಿಲ್ಲ. ಆದರೆ ತಾವು ಯೋಚಿಸಿ. ನಾವು ಮನಬಂದಂತೆ ನಡೆದೆವೇ? ತಪ್ಪಿಸಬೇಡಿ ಎಂದ ತಮ್ಮ ಮಾತನ್ನು ಎಲ್ಲ ಮಕ್ಕಳ ಪಾಲಿಗೂ ಉಳಿಸಲು ಹೋಗಿಯೇ ಕೆಟ್ಟೆವು. ಸರಬರಾಜು ನಿಲ್ಲುತ್ತದೆ ಎಂದು ಮೊದಲೇ ಒಂದು ಮಾತು ಹೇಳಿದ್ದರೆ ಸಿಸ್ಟರ್ ಬೇರೆ ಕೇಂದ್ರದಿಂದ ತರಿಸುತ್ತಿದ್ದರು, ಇಲ್ಲವೇ ಡಾಕ್ಟರನ್ನು ಕೇಳಿ ಬೇರೆ ಔಷಧಿಗೆ ಮೆಲ್ಲಗೆ ಬದಲಿಸುತ್ತಿದ್ದರು. ಮಾತ್ರೆ ತಪ್ಪಿಸಿದರೆ ಏನಾಗುತ್ತದೆ ಎಂದು ನಮಗೆ ಹೆದರಿಸಿ ಹೇಳಿದಿರಿ. ತಾವೇ ತಪ್ಪಿಸಿದರೆ ನಾವು ಏನು ಮಾಡಬೇಕು ಎಂದು ಯಾವ ಬಟ್ಟೆಯ ಮೇಲೆ ಅಚ್ಚು ಹಾಕಿಸಿದ್ದೀರಿ?

ಅರ್ಧ ಮಾತ್ರೆ ನುಂಗುತ್ತಿದ್ದ ಆ ದಿನಗಳಲ್ಲೇ ಒಮ್ಮೆ ಅಲಿನಾಫೆ ಮೀನು ಒಣಗಿಸುವ ಅಟ್ಟಣೆಯ ಹತ್ತಿರ ಉಸಿಪಾ ತಿರುವಿಹಾಕುತ್ತಿದ್ದಳು. ಫಿಟ್ಸ್ ಬಂದು ನೀರಿನ ಕಡೆಗೇ ಬಿದ್ದಳು. ಮೊಣಕಾಲುದ್ದದ ನೀರು. ಬಲೆ ರಿಪೇರಿ ಮಾಡುತ್ತಿದ್ದ ಗಂಡಸರು ಪಕ್ಕದಲ್ಲೇ ಇದ್ದರು. "ಮುಟ್ಬೇಡ್ರೋ, ನೊರೆ ಬರ್ತಿದೆ ಬಾಯಲ್ಲಿ!" ಎಂದು ಒಬ್ಬ ಕೂಗಿದನಂತೆ, ಉಳಿದವರು ನಿಂತರಂತೆ. ಮೊಣಕಾಲುದ್ದದ ನೀರಿನಲ್ಲಿ ನನ್ನ ಮಗಳು ಮುಖ ಕೆಳಗಾಗಿ ಒದ್ದಾಡುತ್ತಿದ್ದಾಗ ಈಜು ಬಲ್ಲ ಗಂಡಸರು ನಿಂತು ನೋಡಿದರು! ಪಾತ್ರೆ ತೊಳೆಯುತ್ತಿದ್ದ ನಾಮ್ವಾಲೆ ಎಲ್ಲ ಬಿಸಾಡಿ ಓಡಿದಳು. ತಲೆ ಎತ್ತಿ ದಡಕ್ಕೆ ಎಳೆದು ಮಗ್ಗುಲಿಗೆ ಮಲಗಿಸಿದಳು. ಬಾಯಿಗೆ ಏನನ್ನೂ ತುರುಕಲಿಲ್ಲ, ಯಾರಿಗೂ ತುರುಕಲು ಬಿಡಲಿಲ್ಲ. ಫಿಟ್ಸ್ ನಿಲ್ಲುವವರೆಗೂ ಪಕ್ಕದಲ್ಲೇ ಕೂತಳು. ಇದನ್ನೆಲ್ಲ ಕಲಿತದ್ದು ಗುರುವಾರದ ಸಾಲಿನಲ್ಲೇ. ತಿಳಿವಳಿಕೆಯಿಲ್ಲದ ತಾಯಿ ಎಂದಿರಲ್ಲ, ಅವಳೇ ಇವಳು.

ಅದೇ ವಾರ ಅವಳ ಯಾಂಖೋಗೆ ಒಂದರ ಹಿಂದೆ ಒಂದು ಫಿಟ್ಸ್ ಬಂತು, ನಡುವೆ ಎಚ್ಚರವೇ ಬರಲಿಲ್ಲ. ಬಾಡಿಗೆ ಸೈಕಲ್ಲಿನ ಹಿಂದೆ ಅವನನ್ನು ಅಪ್ಪಿ ಹಿಡಿದು ಅವಳು, ಇನ್ನೊಂದು ಸೈಕಲ್ಲಿನಲ್ಲಿ ನಾನು, ಜಿಲ್ಲಾ ಆಸ್ಪತ್ರೆಗೆ ಹೋದೆವು. ಸೂಜಿಮದ್ದು ಕೊಟ್ಟು ಫಿಟ್ಸ್ ನಿಲ್ಲಿಸಿದರು. ಬದುಕಿದ್ದಾನೆ. ಆದರೆ ಈಗಲೂ ಅಮ್ಮನನ್ನು ಕರೆಯಲು ಮಾತು ಹುಡುಕುತ್ತಾನೆ. ಕಾದು ನೋಡಬೇಕು ಎನ್ನುತ್ತಾರೆ ಡಾಕ್ಟರು. ಮನೆಗೆ ಒಯ್ಯಲು ಮಾತ್ರೆ ಕೊಡುತ್ತಾ ಅಲ್ಲಿನ ಉಗ್ರಾಣದವನು ಹೊಸ ಪೆಟ್ಟಿಗೆ ಒಡೆದ. ಅವನ ಹಿಂದೆ ಅಂಥವೇ ಪೆಟ್ಟಿಗೆಗಳು ಸೂರಿನವರೆಗೆ.

"ಇದು ಯಾವಾಗ ಬಂತಣ್ಣ?" ಎಂದೆ.

"ಮಳೆಗಾಲದಲ್ಲೇ ಬಂದಿದ್ಯಲ್ಲ. ಉದ್ಘಾಟನೆ ಆಗೋವರ್ಗೂ ಹಳ್ಳಿ ಕೇಂದ್ರಗಳಿಗೆ ಬಿಡ್ಬೇಡ ಅಂತ ಸಾಹೇಬ್ರ ಆರ್ಡರ್. ದೊಡ್ಡೋರ ಕೈಯಿಂದ್ಲೇ ಮೊದಲನೇ ಪೆಟ್ಟಿಗೆ ಕೊಡಿಸ್ಬೇಕಂತೆ, ಫೋಟೋಗೆ."

ನಾಮ್ವಾಲೆ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಸೊಂಟದಲ್ಲಿ ತಾವು ಹಂಚಿದ ನೀಲಿ ಬಟ್ಟೆ ಇತ್ತು, ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಸುತ್ತಿಕೊಂಡು ಬಂದಿದ್ದಳು. ಮಗನ ಬಾಯಿಯ ನೊರೆಯನ್ನು ಅದರಿಂದಲೇ ಒರೆಸಿದ್ದಳು.

ತಾವು ತಾವು ಎಂದು ಬರೆದು ನನಗೆ ಸಾಕಾಯಿತು. ಇನ್ನು ನೀವು ಎನ್ನುತ್ತೇನೆ. ಬೇರೆ ಯಾವ ಅಧಿಕಾರಿ ಹೀಗೆ ಮಾಡಿದ್ದರೂ ನನಗೆ ಕೋಪ ಬರುತ್ತಿತ್ತು, ಬೈದು ಮಲಗುತ್ತಿದ್ದೆ. ನಿಮ್ಮ ಮೇಲೆ ಬಂದಿರುವುದು ಬರೀ ಕೋಪವಲ್ಲ. ನೀವು ನನ್ನ ಮಗಳ ಎಂಜಲು ನೀರು ಕುಡಿದವರು. ಹುಟ್ಟಿದ ಮನೆಯವರೇ ಅಸಹ್ಯಪಟ್ಟ ಲೋಟಕ್ಕೆ ಬಾಯಿಟ್ಟವರು. ಮಾತ್ರೆ ಒಂದು ದಿನ ತಪ್ಪಿದರೆ ಏನಾಗುತ್ತದೆಂದು ನಮಗೆಲ್ಲರಿಗಿಂತ ಚೆನ್ನಾಗಿ ಬಲ್ಲವರು. ಬಲ್ಲ ನೀವೇ ಪೆಟ್ಟಿಗೆಗಳ ಮೇಲೆ ಬೀಗ ಹಾಕಿದಿರಿ. ಸಾಲದ್ದಕ್ಕೆ ರೇಡಿಯೋದಲ್ಲಿ ನಮ್ಮ ಕಡೆ ಬೆರಳು ತೋರಿಸಿದಿರಿ. ಅಂದು ಆ ನೀರು ಕುಡಿದದ್ದೂ ಯಾರಾದರೂ ನೋಡಲಿ ಎಂದೇ ಏನು? ಇಲ್ಲ ಎಂದು ನಂಬಲು ಈಗಲೂ ನನಗೆ ಆಸೆ ಇದೆ, ಅದೇ ನನ್ನ ಸಂಕಟ.

ಆಸ್ಪತ್ರೆಯಿಂದ ನಾನು ತಂದ ಮಾತ್ರೆಯನ್ನು ಅಲಿನಾಫೆ ಈಗ ಪೂರ್ತಿ ನುಂಗುತ್ತಿದ್ದಾಳೆ. ಮೊನ್ನೆ ಊಟದ ಹೊತ್ತಿಗೆ ಅವಳು ಕೋಳಿಗಳ ಹತ್ತಿರ ಹೋಗಿ ಆ ತಗಡಿನ ತಟ್ಟೆಯ ನೀರು ಚೆಲ್ಲಿ, ಬೂದಿ ಹಾಕಿ ಉಜ್ಜಿ ತೊಳೆದು ತಂದಳು. ಯಾರೂ ಹೇಳಿರಲಿಲ್ಲ. ಅತ್ತೆ "ಒಳಗೆ ಬಾರೇ" ಎಂದು ಕರೆದರು, ನಿಜ ಹೇಳುತ್ತೇನೆ, ಅಳುತ್ತಾ ಕರೆದರು. "ಬೇಡ ಅಜ್ಜಿ, ತಮ್ಮಂಗೆ ಅಂಟೀತು" ಎಂದು ಮಗಳು ಬಾಗಿಲ ಹೊರಗೆ ಹೋಗಿ ಕೂತಳು. ಊರು ಹೇಳಿದ ಮಾತನ್ನು ಅವಳ ತಲೆಯಿಂದ ತೆಗೆಯಲು ನಿಮ್ಮ ಒಂದು ಲೋಟ ನೀರು ಬೇಕಾಗಿತ್ತು. ಅದನ್ನು ಮತ್ತೆ ತುಂಬಿದ್ದು ನಿಮ್ಮ ಬೀಗ.

ಆದ್ದರಿಂದ ನಮ್ಮ ಬೇಡಿಕೆ ಕೇಳಿ. ಉದ್ಘಾಟನೆಗೆ ಕಾಯದೆ ಪೆಟ್ಟಿಗೆಗಳನ್ನು ಎಲ್ಲ ಕೇಂದ್ರಗಳಿಗೂ ಈ ವಾರವೇ ಕಳಿಸಿ. ಇನ್ನು ಮುಂದೆ ಬೀರು ಖಾಲಿಯಾಗುವ ಮೊದಲೇ ನಮಗೆ ತಿಳಿಸಿ. ಮಾತ್ರೆ ನಿಲ್ಲಿಸಿದ್ದು ಯಾರೆಂದು ಅದೇ ರೇಡಿಯೋದಲ್ಲಿ, ಅದೇ ಹೊತ್ತಿನಲ್ಲಿ ಹೇಳಿ. ಆಮೇಲೆ ಒಂದು ಗುರುವಾರ, ಫೋಟೋದವರನ್ನು ಬಿಟ್ಟು, ಮಾವಿನಮರದ ಕೆಳಗೆ ಬನ್ನಿ. ಅಲಿನಾಫೆ ನೀರು ಕುಡಿಯುತ್ತಾಳೆ, ಲೋಟದಲ್ಲಿ ಸ್ವಲ್ಪ ಉಳಿಸುತ್ತಾಳೆ.

ನಿಮ್ಮ ಅಂಗಿ ಮುಗಿಯುತ್ತಾ ಬಂದಿದೆ. ಡ್ರೈವರನ್ನು ಕಳಿಸಬೇಡಿ, ಅವನ ಕೈಗೆ ಕೊಡುವುದಿಲ್ಲ. ಗುಂಡಿ ಹಾಕುವುದನ್ನು ಬೇಕೆಂದೇ ಉಳಿಸಿಕೊಂಡಿದ್ದೇನೆ. ನೀವು ಬಂದು ತೊಟ್ಟ ಮೇಲೆ ಮರದ ಕೆಳಗೇ ಹಾಕಿಕೊಡುತ್ತೇನೆ. ನೀವು ಕೇಳಿದಂತೆಯೇ ಅಕ್ಷರ ಸರಿಯಾಗಿ ಎದೆಯ ಮೇಲೆ ಬಂದಿದೆ. ತೊಟ್ಟವರಿಗೆ ಅದು ಕಾಣುವುದಿಲ್ಲ, ಎದುರು ಕೂತವರಿಗೆ ಕಾಣುತ್ತದೆ. ಎದುರು ನಾವೆಲ್ಲ ಕೂತಿರುತ್ತೇವೆ, ಯಾಂಖೋನನ್ನೂ ಕರೆತಂದಿರುತ್ತೇವೆ.

ಇಂತಿ,
ನಿಮ್ಮನ್ನು ನಂಬಿದ್ದ,
ಗುರುವಾರದ ತಿಳಿವಳಿಕೆಯಿಲ್ಲದ ತಾಯಂದಿರಲ್ಲಿ ಮೀಸೆಯುಳ್ಳ ಒಬ್ಬ ತಾಯಿ